ಬೈರೇಶ ಗಣಿ ತೆರೆಸಿದ ದಿನ

ಒಂದು ನಾಯಿ ಬೊಗಳದೇ ಇದ್ದದ್ದರಿಂದ ಇಷ್ಟೆಲ್ಲ ರಾದ್ಧಾಂತವಾಯಿತು. ನಾಯಿ ಊರಿನದಲ್ಲ, ಬೈರೇಶನ ಮೊಬೈಲಿನೊಳಗಿನದು.

ಬೈರೇಶ ಬಂಗಾರಪೇಟೆ ಪಕ್ಕದ ಹಳ್ಳಿಯೊಂದರ ಹಾಲಿನ ಡೈರಿಯಲ್ಲಿ ಟೆಸ್ಟರ್. ಜನ ತಂದು ಸುರಿಯುವ ಹಾಲನ್ನು ಮಷೀನಿಗೆ ಹಿಡಿದು, ಫ್ಯಾಟು ಎಷ್ಟು, ನೀರು ಎಷ್ಟು ಎಂದು ಹೇಳುವುದು ಅವನ ಕೆಲಸ. ಬೆಳಗ್ಗೆ ಆ ಮಷೀನು ಬಿಸಿಯಾಗಲು ಹತ್ತು ನಿಮಿಷ ಬೇಕು. ಹತ್ತು ನಿಮಿಷದಲ್ಲಿ ಒಳ್ಳೆಯವನಾದವನು ಕಸ ಗುಡಿಸುತ್ತಾನೆ, ದೇವರ ಪಟಕ್ಕೆ ಊದುಬತ್ತಿ ಹಚ್ಚುತ್ತಾನೆ. ಬೈರೇಶ ಮೊಬೈಲಿನಲ್ಲಿ ಆಟ ಆಡುತ್ತಿದ್ದ. ಆಟದಲ್ಲಿ ಅವನೊಬ್ಬ ಗೂಢಚಾರ. ಕೈಯಲ್ಲಿ ಕತ್ತಿಯಿಲ್ಲ, ಬಂದೂಕಿಲ್ಲ, ಬರೀ ಒಂದು ಕ್ಯಾಮೆರಾ. ಯಾವುದೋ ದೇಶದ ಗಣಿಯೊಳಕ್ಕೆ ಕಳ್ಳಹೆಜ್ಜೆಯಲ್ಲಿ ನುಸುಳಿ, ಕಾವಲಿನವರ ಕಣ್ಣಿಗೆ ಬೀಳದೆ, ಗಣಿಯ ಬಾಯಿಯ ಒಂದು ಫೋಟೋ ಹೊಡೆದುಕೊಂಡು ಬರಬೇಕು. ಹನ್ನೊಂದು ದಿನದಿಂದ ಅವನು ಕ್ಯಾಮೆರಾ ಎತ್ತಿದ್ದೇ ತಡ ಮೂಲೆಯ ನಾಯಿ ಬೊಗಳುತ್ತಿತ್ತು, ಕಾವಲಿನವರು ಬಂದು ಕತ್ತಿನ ಪಟ್ಟಿ ಹಿಡಿಯುತ್ತಿದ್ದರು. ಇವತ್ತು ಮಾತ್ರ ಡ್ರಮ್ಮುಗಳ ಹಿಂದೆ ಹೊಟ್ಟೆ ಎಳೆದುಕೊಂಡು ಹೋದ. ನಾಯಿ ಸುಮ್ಮನಿತ್ತು. ಕ್ಲಿಕ್!

ಫೋಟೋ ಚೆನ್ನಾಗಿಯೇ ಬಂದಿತ್ತು. ಮಂಜು, ಎತ್ತರದ ಕಬ್ಬಿಣದ ಗೋಪುರ, ಅದರ ನೆತ್ತಿಯ ಮೇಲೆ ದೊಡ್ಡ ಚಕ್ರ, ಕೆಳಗೆ ಯೂನಿಫಾರಂ ತೊಟ್ಟ ಇಬ್ಬರು, ಸುತ್ತ ಝಗಝಗ ದೀಪ. ಆಟದೊಳಗೆ ತೆಗೆದ ಫೋಟೋ ತಾನಾಗಿಯೇ ಮೊಬೈಲಿನ ಗ್ಯಾಲರಿಗೆ ಬಂದು ಕೂತಿತು.

"ಏನ್ಲಾ ಬೈರೇಸ, ಇನ್ನೂ ಪೋಟೋ ಆಕಿಲ್ವಾ? ಅಧ್ಯಕ್ಸರು ಬಂದ್ರೆ ನಿನ್ ಚರ್ಮ ಸುಲೀತಾರೆ ನೋಡು," ಎನ್ನುತ್ತಾ ಮುನಿನಾರಾಯಣಮ್ಮ ಹಾಲಿನ ಕ್ಯಾನು ಕಟ್ಟೆಯ ಮೇಲಿಟ್ಟಳು. ಊರಿಗೆಲ್ಲ ಮೊದಲು ಹಾಲು ಹಾಕುವವಳೂ ಅವಳೇ, ಊರಿನ ಸುದ್ದಿಯನ್ನೆಲ್ಲ ಮೊದಲು ಹರಡುವವಳೂ ಅವಳೇ.

ಫೋಟೋ ಹಾಕುವುದು ಡೈರಿಯ ಕಾನೂನು. ಟೆಸ್ಟರ್ ಹೊತ್ತಿಗೆ ಸರಿಯಾಗಿ ಬಂದಿದ್ದಾನೆ ಎಂಬುದಕ್ಕೆ ಸಾಕ್ಷಿಯಾಗಿ ದಿನಾ ಬೆಳಗ್ಗೆ ಮಷೀನಿನ ಫೋಟೋ ತೆಗೆದು, ಟೈಮು ಹೆಸರು ಬರೆದು, ಹಾಲು ಹಾಕುವವರೆಲ್ಲ ಇರುವ ವಾಟ್ಸಾಪ್ ಗುಂಪಿಗೆ ಹಾಕಬೇಕು. ಬೈರೇಶ ಮಷೀನಿನ ಫೋಟೋ ಆಗಲೇ ತೆಗೆದಿಟ್ಟಿದ್ದ. ಆದರೆ ಗಾಬರಿಯಲ್ಲಿ ಗ್ಯಾಲರಿಯ ಕಟ್ಟಕಡೆಯ ಫೋಟೋ ಒತ್ತಿ, ರೂಢಿಯಂತೆ "ಬೆಳಗ್ಗೆ 6.10. ಈಗ ತೆಗೆದದ್ದು. ಬೈರೇಶ್" ಎಂದು ಬರೆದು, ಕಳಿಸಿ, ಮೊಬೈಲನ್ನು ಜೇಬಿಗೆ ತುರುಕಿದ.

ಏಳು ಗಂಟೆಗೆ ಆಂಜನಪ್ಪ ಬಂದರು. ಕೆಜಿಎಫ್‌ನ ಚಿನ್ನದ ಗಣಿಯಲ್ಲಿ ಇಪ್ಪತ್ತಾರು ವರ್ಷ ಭೂಮಿಯೊಳಗೆ ಇಳಿದು, ಗಣಿ ಮುಚ್ಚಿದ ಮೇಲೆ ಎರಡು ಹಸು ಕಟ್ಟಿಕೊಂಡ ಮನುಷ್ಯ. ಇವತ್ತು ಅವರ ಕೈಯಲ್ಲಿ ಕ್ಯಾನು ಇರಲಿಲ್ಲ. ಗಾಜು ಒಡೆದ ಮೊಬೈಲು ಮಾತ್ರ ಇತ್ತು, ಕಣ್ಣು ಕೆಂಪಾಗಿತ್ತು.

"ಬೈರೇಸಾ, ಇದು ನಮ್ ಊರಿಗಾಂ ಗಣಿ ಸಾಫ್ಟು ಕಣ್ಲಾ! ನಾನು ಇಳಿದಿರೋದು ಇದೇ ಬಾಯಿಗೆ. ಕಂಪನಿ ಮತ್ತೆ ತೆಗೆದವ್ರೆ, ಒಂದ್ ಮಾತು ಏಳಬಾರದೇನ್ಲಾ?"

ಬೈರೇಶ ಇಣುಕಿ ನೋಡಿದ. ಮಷೀನಿನ ಬದಲು ಆಟದ ಗಣಿಯ ಫೋಟೋ ಹೋಗಿತ್ತು. ಗುಂಪು ತೆರೆದು ಅಳಿಸೋಣ ಎಂದರೆ ಅಷ್ಟರಲ್ಲಿ ಆ ಫೋಟೋ ಕೋಲಾರದವರೆಗೆ ಹೋಗಿ, ಯಾರದೋ ಸೊಸೆಯ ತವರಿನಿಂದ ಅದೇ ಗುಂಪಿಗೆ ವಾಪಸ್ಸು ಬಂದಿತ್ತು. "ಊರಿಗಾಂ ಅಲ್ಲ, ಕೋರಮಂಡಲ್" ಎಂದು ಒಬ್ಬರು, "ಎರಡೂ ಅಲ್ಲ, ಹೊಸದು ತೋಡಿದ್ದಾರೆ" ಎಂದು ಇನ್ನೊಬ್ಬರು ಆಗಲೇ ಜಗಳಕ್ಕೆ ನಿಂತಿದ್ದರು.

ಆಟದ ಚಿತ್ರ ಅಂದುಬಿಟ್ಟರೆ ಮುಗಿಯಿತಲ್ಲ ಎಂದು ನೀವು ಕೇಳಬಹುದು. ಅನ್ನುವಂತಿರಲಿಲ್ಲ. ಇವನಿಗಿಂತ ಮುಂಚೆ ಇದ್ದ ಟೆಸ್ಟರ್ ಮೊಬೈಲಿನಲ್ಲಿ ಆಡುತ್ತಾ ಕೂತಿದ್ದಾಗ ಕ್ಯಾನು ತುಂಬಿ ನಲವತ್ತು ಲೀಟರು ಹಾಲು ಉಕ್ಕಿ ಮೋರಿಗೆ ಹರಿದಿತ್ತು. ಅಧ್ಯಕ್ಷ ಚಿಕ್ಕಮುನಿಯಪ್ಪನವರು ಅವನನ್ನು ನಿಂತ ಕಾಲಲ್ಲೇ ಮನೆಗೆ ಕಳಿಸಿ, "ಇನ್ಮೇಲೆ ಡ್ಯೂಟೀಲಿ ಆಟ ಆಡೋನು ಅದೇ ದಿನ ಮನೇಗೆ" ಎಂದು ಗೋಡೆಯ ಮೇಲೆ ಬರೆಸಿದ್ದರು. ಆ ಬರಹದ ಕೆಳಗೇ ಬೈರೇಶ ಎರಡು ವರ್ಷದಿಂದ ಟೆಂಪರವರಿಯಾಗಿ ಕೂತಿದ್ದ. ಪರ್ಮನೆಂಟ್ ಆಗುವುದು ಒಂದೇ ಜಾಗ. ಅದು ಅವನಿಗೋ ಅಥವಾ ಸಾಯಂಕಾಲದ ಹಾಲು ನೋಡುವ ಚಲಪತಿಗೋ ಎಂದು ಕಮಿಟಿ ತೀರ್ಮಾನ ಮಾಡುವುದು ಅವತ್ತೇ ನಾಲ್ಕು ಗಂಟೆಗೆ. ಜಾಗ ಅವನದೇ ಎಂದು ಊರೆಲ್ಲ ಹೇಳಿತ್ತು. ಹೆಂಡತಿ ಅರುಣಕುಮಾರಿ ತವರಿಗೆ ಫೋನು ಮಾಡಿ ಹೋಳಿಗೆಗೆ ಬೇಳೆ ನೆನೆಹಾಕಲು ಹೇಳಿಯಾಗಿತ್ತು.

ಚಿಕ್ಕಮುನಿಯಪ್ಪನವರು ಎಂಟಕ್ಕೆ ಬಂದರು. ಹಿಂದೆ ಮೂವತ್ತು ಜನ.

"ಆರು ಹತ್ತಕ್ಕೆ ಕೆಜಿಎಫ್‌ನಲ್ಲಿ ಪೋಟೋ ತೆಗೆದಿದೀಯ. ಅಂಗಾದ್ರೆ ಇಲ್ಲಿ ಡ್ಯೂಟೀಲಿ ಇದ್ದೋನು ಯಾರಪ್ಪ?"

"ಇಲ್ಲೇ ಇದ್ದ ಅಧ್ಯಕ್ಸರೇ," ಎಂದು ಮುನಿನಾರಾಯಣಮ್ಮ ಬಾಯಿ ಹಾಕಿದಳು. "ನನ್ ಕಣ್ಣಾರೆ ಕಂಡಿದೀನಿ. ಮೊಬೈಲು ಇಡ್ಕೊಂಡು ಇಲ್ಲೇ ಕುಂತಿದ್ದ."

ಆ ಕೊನೆಯ ಮಾತು ಅವಳು ಆಡದಿದ್ದರೆ ಚೆನ್ನಾಗಿತ್ತು. ಅಧ್ಯಕ್ಷರು ಗೋಡೆಯ ಕಡೆ ನೋಡಿದರು, ಮೊಬೈಲಿನ ಕಡೆ ನೋಡಿದರು. ಬೈರೇಶನಿಗೆ ಅತ್ತ ದರಿ, ಇತ್ತ ಪುಲಿ. ಬಾಯಿಗೆ ಬಂದದ್ದನ್ನು ಅಂದ:

"ನಾನು ತೆಗೆದಿದ್ದಲ್ಲ ಸಾರ್. ಅಲ್ಲಿಂದ ಕಳಿಸಿದ್ರು. ಒಳಗಿರೋರು."

"ಯಾರು?"

"ಎಸರು ಏಳಬಾರದು ಅಂದವ್ರೆ ಸಾರ್."

ಇಲ್ಲಿಯವರೆಗೆ "ಏ ಟೆಸ್ಟರ್ರೂ" ಎನ್ನುತ್ತಿದ್ದವರು ಅವನಿಗೆ ಕುರ್ಚಿ ಎಳೆದು ಹಾಕಿದರು. ಯಾರೋ ಟೀ ತಂದುಕೊಟ್ಟರು. ಜೀವಮಾನದಲ್ಲಿ ಮೊದಲ ಸಲ ಅವನ ಟೀಗೆ ಎಲ್ಲರೂ ಸಕ್ಕರೆ ಸಾಕಾ ಎಂದು ಕೇಳಿದರು. ಬೈರೇಶ ಬಾಯಿ ಸುಟ್ಟುಕೊಂಡು ಕುಡಿದ.

"ಕಣ್ಣಾರೆ ನೋಡದೆ ನನಗೆ ಅನ್ನ ಇಳಿಯಲ್ಲ," ಎಂದು ಆಂಜನಪ್ಪ ಹಟ ಹಿಡಿದರು. ಬೆಳಗಿನ ಹಾಲು ಇಳಿಸಿ ಬಂದ ಟೆಂಪೋ ಮಧ್ಯಾಹ್ನ ಒಂದಕ್ಕೆ ಖಾಲಿ ನಿಂತಿತು. ಹನ್ನೊಂದು ಜನ ಹತ್ತಿದರು, ಹನ್ನೆರಡನೆಯವನಾಗಿ ಬೈರೇಶನನ್ನು ಎತ್ತಿ ಹಾಕಿಕೊಂಡರು.

"ನಾಲ್ಕು ಗಂಟೆಗೆ ವಾಪಸ್ ಬಂದ್ಬಿಡಪ್ಪ, ಮೀಟಿಂಗ್ ಐತೆ," ಎಂದು ಅಧ್ಯಕ್ಷರು ಕೂಗಿ ಹೇಳಿದರು. ಅವರ ದನಿಯಲ್ಲಿ ಎಂದೂ ಇಲ್ಲದ ಮರ್ಯಾದೆ ಇತ್ತು. ಅದನ್ನು ಕೇಳಿ ಬೈರೇಶನಿಗೆ ಇನ್ನಷ್ಟು ಭಯವಾಯಿತು.

ದಾರಿಯುದ್ದಕ್ಕೂ ಅವನು ಕೂತಲ್ಲಿ ಕೂರಲಿಲ್ಲ, ಮುಳ್ಳಿನ ಮೇಲೆ ಕೂತವನಂತೆ ಒದ್ದಾಡಿದ. ಮುಚ್ಚಿದ ಗೇಟು ನೋಡಿದರೆ ಇವರೆಲ್ಲ ತೆಪ್ಪಗಾಗುತ್ತಾರೆ, ಸುಳ್ಳು ಸುದ್ದಿ ಎಂದುಕೊಂಡು ವಾಪಸ್ಸು ಬರುತ್ತಾರೆ ಎಂಬುದೊಂದೇ ಆಸೆ. ಅಷ್ಟರಲ್ಲಿ ಹೆಂಡತಿಯ ಫೋನು ಬಂತು.

"ರೀ, ಏನ್ರೀ ಇದು? ಗಣಿ ತೆಗೀತಾರಂತೆ, ನಿಮ್ಗೆ ಮೊದ್ಲೇ ಗೊತ್ತಿತ್ತಂತೆ? ನಮ್ಮಪ್ಪ ಅರ್ಜಿ ಬರೀತಾ ಕುಂತವ್ರೆ."

"ನಿಮ್ಮಪ್ಪಂಗೆ ಅರವತ್ತೆಂಟು ವರ್ಸ ಕಣೇ!"

"ಅದಕ್ಕೇ ಅವರು ಮೇಲಿನ ಕೆಲಸ ಕೇಳ್ತಾವ್ರೆ. ಕೆಳಗೆ ಇಳಿಯಲ್ಲವಂತೆ."

ಊರಿಗಾಂನಲ್ಲಿ ಗೇಟಿಗೆ ಬೀಗ ಬಿದ್ದಿತ್ತು. ಬೀಗಕ್ಕೆ ತುಕ್ಕು ಹಿಡಿದಿತ್ತು. ಒಳಗೆಲ್ಲ ಜಾಲಿ ಬೆಳೆದಿತ್ತು. ಬೈರೇಶನಿಗೆ ಜೀವ ಬಂತು.

"ನೋಡಿ, ಏನೂ ಇಲ್ಲ. ಯಾರೋ ತಮಾಸೆ ಮಾಡವ್ರೆ. ನಡೀರಿ ಓಗಣ," ಎಂದ.

ಆಂಜನಪ್ಪ ನಕ್ಕರು. "ಬೀಗ ಆಕವ್ರೆ ಅಂದ್ರೇನೇ ಒಳಗೆ ಏನೋ ಐತೆ ಅಂತ. ಖಾಲಿ ಮನೇಗೆ ಯಾರ್ಲಾ ಬೀಗ ಆಕ್ತಾರೆ?"

ಕಾಂಪೌಂಡಿನ ಪಕ್ಕಕ್ಕೆ ಹೋಗಿ ಗೋಡೆಯ ಮೇಲಿಂದ ಇಣುಕಬೇಕೆಂದು ತೀರ್ಮಾನವಾಯಿತು. ಒಳಗೆ ಒಬ್ಬ ವಾಚ್‌ಮನ್ ಅಡ್ಡಾಡುತ್ತಿದ್ದ. ಹನ್ನೊಂದು ಜನ ಗೋಡೆಗೆ ಅಂಟಿಕೊಂಡು ನಿಂತರು. ಮುನಿನಾರಾಯಣಮ್ಮನ ಬಳೆ ಸದ್ದು, ಯಾರದೋ ಕೆಮ್ಮು, ಇನ್ನಾರದೋ ಮೊಬೈಲಿನಲ್ಲಿ ಸುಪ್ರಭಾತ. ಕಳ್ಳಹೆಜ್ಜೆಯ ಕಲೆಯಲ್ಲಿ ಹನ್ನೊಂದು ದಿನ ತಪಸ್ಸು ಮಾಡಿದ ಬೈರೇಶನಿಗೆ ಇದನ್ನು ನೋಡಿ ಸಹಿಸಲಾಗಲಿಲ್ಲ. ಇವರು ನೋಡುವುದನ್ನು ಬೇಗ ನೋಡಿ ಮುಗಿಸಿದರೆ ತಾನು ನಾಲ್ಕಕ್ಕೆ ಮೀಟಿಂಗಿನಲ್ಲಿರಬಹುದು. ಆಟದಲ್ಲಾದರೆ ದೂರಕ್ಕೆ ಒಂದು ಕಲ್ಲು ಎಸೆದರೆ ಸಾಕು, ಕಾವಲಿನವನು ಸದ್ದು ಬಂದ ಕಡೆ ಹೋಗುತ್ತಾನೆ. ಬೈರೇಶ ಒಂದು ಕಲ್ಲು ಆರಿಸಿ ಬೀಸಿ ಎಸೆದ. ಕಲ್ಲು ಆಚೆ ಒಂದು ತಗಡಿಗೆ ಬಿದ್ದು ಢಣ್ ಎಂದಿತು.

ವಾಚ್‌ಮನ್ ತಗಡಿನ ಕಡೆ ತಿರುಗಿಯೂ ನೋಡಲಿಲ್ಲ. ಕಲ್ಲು ಎಲ್ಲಿಂದ ಬಂತೋ ಆ ಕಡೆಗೇ ದೊಣ್ಣೆ ಹಿಡಿದು ನೆಟ್ಟಗೆ ಬಂದ.

"ಯಾರುಪ್ಪಾ ಕಲ್ಲು ಪೋಟ್ಟದು?" ಕಲ್ಲು ಹೊಡೆದದ್ದು ಯಾರು ಎಂದು ತಮಿಳಿನಲ್ಲಿ ಗದರಿದ.

ಮುನಿನಾರಾಯಣಮ್ಮ ಹಿಂಜರಿಯಲಿಲ್ಲ. ಕೆಜಿಎಫ್ ತಮಿಳು ಅವಳಿಗೆ ನೀರು ಕುಡಿದಷ್ಟು ಸಲೀಸು. "ಅಣ್ಣಾ, ಗಣಿ ತೊರಂದುಟ್ಟಾಂಗಳಾ?" ಎಂದು, ಗಣಿ ತೆರೆದುಬಿಟ್ಟರಾ ಅಂತ, ಕೇಳಿಯೇಬಿಟ್ಟಳು.

"ಗಣಿಯಾ? ಉಳ್ಳೆ ರೆಂಡು ಆಡು ಮೇಯುದು, ಅವ್ವಳವುದಾನ್," ಎಂದ ವಾಚ್‌ಮನ್. ಒಳಗೆ ಎರಡು ಆಡು ಮೇಯುತ್ತಿವೆ, ಅಷ್ಟೇ ಅಂತೆ.

"ಬಾಯಿ ಬಿಡಬೇಡ ಅಂದವ್ರೆ ಪಾಪ," ಎಂದು ಆಂಜನಪ್ಪ ಎಲ್ಲರಿಗೂ ಕಣ್ಣು ಹೊಡೆದು, ಅವನ ಮುಂದೆ ಫೋಟೋ ಹಿಡಿದರು.

ವಾಚ್‌ಮನ್ ಫೋಟೋ ನೋಡಿದ. ದೊಣ್ಣೆ ಕೆಳಗಿಟ್ಟ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದ. ಅವನ ಮುಖ ಬಾಡಿತು. ಆರು ವರ್ಷದಿಂದ ಹಗಲೂ ರಾತ್ರಿ ಕಾಯುತ್ತಿರುವ ತನಗೇ ಹೇಳದೆ ಗಣಿ ತೆರೆದುಬಿಟ್ಟರಲ್ಲ, ಯೂನಿಫಾರಂ ಕೊಟ್ಟು ಬೇರೆಯವರನ್ನು ನಿಲ್ಲಿಸಿಬಿಟ್ಟರಲ್ಲ ಎಂದು ಅವನಿಗೆ ಹೊಟ್ಟೆ ಉರಿಯಿತು. ಒಳಗಿನವರ ಪರಿಚಯ ಇರುವುದು ಇವನಿಗೇ ಎಂದು ಎಲ್ಲರೂ ಬೈರೇಶನನ್ನು ಮುಂದಕ್ಕೆ ದಬ್ಬಿದರು.

"ತಂಬಿ," ಎಂದು ವಾಚ್‌ಮನ್ ಅವನ ಎರಡೂ ಕೈ ಹಿಡಿದುಕೊಂಡ. "ನಾನೂ ಕಾಂಟ್ರಾಕ್ಟ್ ಮೇಲೇ ಇರೋದು. ನಿಮ್ ಸಾರ್ ಹತ್ರ ನನ್ ಹೆಸ್ರು ಒಂಚೂರು ಹೇಳಿ, ಸೊಲ್ಲುಂಗ."

ವಾಚ್‌ಮನ್ನನೇ ಕೈ ಮುಗಿದ ಮೇಲೆ ಇನ್ನೇನು ಸಾಕ್ಷಿ ಬೇಕು? ವಾಪಸ್ಸು ಬರುವಾಗ ಟೆಂಪೋದಲ್ಲಿ ಒಬ್ಬರಿಗೂ ಅನುಮಾನ ಉಳಿದಿರಲಿಲ್ಲ. ರಾಬರ್ಟ್‌ಸನ್‌ಪೇಟೆಯಲ್ಲಿ ನಿಲ್ಲಿಸಿ ಒಂದು ಕಟ್ಟು ಬಿಳಿ ಹಾಳೆ ತೆಗೆದುಕೊಂಡರು. ಆಮೇಲೆ ರೈಲ್ವೆ ಗೇಟು ಬಿತ್ತು. ಮೂರೂ ಮುಕ್ಕಾಲಾಯಿತು, ನಾಲ್ಕಾಯಿತು. ಒಂದು ಗೂಡ್ಸು ಗಾಡಿ ಬಸುರಿ ಹೆಂಗಸಿನ ಹಾಗೆ ನಿಧಾನವಾಗಿ ಸಾಗುತ್ತಿತ್ತು. ಬೈರೇಶ ಟೆಂಪೋದಿಂದ ಇಳಿದ, ಹತ್ತಿದ, ಮತ್ತೆ ಇಳಿದ. ಒಳಗೊಳಗೇ ಒಂದು ತೀರ್ಮಾನಕ್ಕೆ ಬಂದ: ಮೊದಲು ಪರ್ಮನೆಂಟ್ ಆರ್ಡರು ಕೈಗೆ ಬರಲಿ, ನಾಳೆ ನಿಜ ಹೇಳಿ ಎಲ್ಲರ ಕಾಲಿಗೆ ಬಿದ್ದರಾಯಿತು.

ಡೈರಿ ಮುಟ್ಟಿದಾಗ ನಾಲ್ಕೂ ಮುಕ್ಕಾಲು. ಮೀಟಿಂಗ್ ಮುಗಿದಿತ್ತು. ಚಿಕ್ಕಮುನಿಯಪ್ಪನವರು ಎದ್ದು ಬಂದು, ಎರಡು ವರ್ಷದಲ್ಲಿ ಮೊದಲ ಬಾರಿಗೆ, ಅವನ ಹೆಗಲ ಮೇಲೆ ಕೈ ಹಾಕಿದರು.

"ಎಲ್ಲಾ ಮುಗೀತಪ್ಪ. ನಿನ್ ಎಸರು ಬಂತು. ನಾನೇ ಏಳಿದೆ, ಒಳಗಿನೋರ ಪರಿಚಯದಿಂದ ಅವನಿಗೆ ಚಿನ್ನದ ಗಣೀಲಿ ಕೆಲಸ ಆಗಿರುವಾಗ ಈ ಸಗಣಿ ವಾಸನೇಲಿ ಯಾಕೆ ಕೂಡಾಕಣ? ದೊಡ್ಡ ಮನಸ್ಸು ಮಾಡಿ ಚಲಪತಿಗೆ ಬಿಟ್ಕೊಡ್ತಾನೆ ಅಂದೆ. ಸರಿ ತಾನೆ?"

ಚಲಪತಿ ಓಡಿ ಬಂದು ಕಾಲು ಮುಟ್ಟಿ ನಮಸ್ಕಾರ ಮಾಡಿದ. "ಅಣ್ಣಾ, ನಿನ್ ಉಪಕಾರ ಸಾಯೋವರೆಗೂ ಮರೆಯಲ್ಲ!"

ಬೈರೇಶನಿಗೆ ನಿಂತ ನೆಲ ಜಾರಿತು. ಎರಡು ವರ್ಷ ಜತನ ಮಾಡಿದ ಮಾನ, ಬೆಳಗ್ಗೆಯಿಂದ ಕಟ್ಟಿದ ಸುಳ್ಳು, ಭಯ ಎಲ್ಲ ಒಟ್ಟಿಗೆ ಕಟ್ಟೆ ಒಡೆಯಿತು.

"ಗಣೀನೂ ಇಲ್ಲ, ಏನೂ ಇಲ್ಲ! ಅದು ಆಟ! ಮೊಬೈಲ್ ಆಟ! ನಾನು ಡ್ಯೂಟೀಲಿ ಆಡ್ತಿದ್ದೆ, ಬೇಕಾದ್ರೆ ನೋಡ್ಕೊಳ್ಳಿ!" ಎಂದು ಕಿರುಚಿ, ಮೊಬೈಲು ತೆಗೆದು ಆಟ ತೆರೆದು ಆಂಜನಪ್ಪನವರ ಕೈಗೆ ತುರುಕಿದ.

ಆಂಜನಪ್ಪ ಕಣ್ಣು ಕಿರಿದು ಮಾಡಿ ನೋಡಿದರು. ಪರದೆಯ ಮೇಲೆ ದೀಪಗಳು ಉರಿಯುತ್ತಿದ್ದವು. ಗೋಪುರದ ಚಕ್ರ ತಿರುಗುತ್ತಿತ್ತು. ಗಣಿಯ ಆಳುಗಳನ್ನು ಎತ್ತುವ ಕೇಜು ಕೆಳಗಿನಿಂದ ಬಂದು ನಿಂತಿತು, ಬಾಗಿಲು ತೆರೆದು, ತಲೆಗೆ ದೀಪ ಕಟ್ಟಿಕೊಂಡ ಜನ ಒಬ್ಬೊಬ್ಬರಾಗಿ ಹೊರಗೆ ಬಂದರು. ಆಂಜನಪ್ಪನವರ ತುಟಿ ಅಲುಗುತ್ತಿತ್ತು. ಅವರು ಎಣಿಸುತ್ತಿದ್ದರು.

"ಅನ್ನೆರಡು ಜನ," ಎಂದರು ಕೊನೆಗೆ. "ಎಲ್ಲಾರೂ ಮೇಲಕ್ಕೆ ಬಂದ್ರು." ಹೆಗಲ ಟವೆಲಿನಿಂದ ಕಣ್ಣೊರೆಸಿಕೊಂಡರು. "ನೋಡ್ರಪ್ಪಾ, ಚಕ್ರ ತಿರುಗ್ತಾ ಐತೆ. ಕ್ಯಾಮೆರಾ ಮಡಗವ್ರೆ, ಅಲ್ಲಿಂದ ನೇರ ಬತ್ತಾ ಐತೆ. ಈ ಉಡುಗ ನಿಜ ಏಳಿದ್ರೆ ಅವನ ಗಣಿ ಕೆಲಸ ಓಗ್ತದೆ, ಅದಕ್ಕೇ ಆಟ ಅಂತಾವ್ನೆ. ಯಾರೂ ಅವನ್ನ ಪೀಡಿಸಬ್ಯಾಡಿ."

"ಅಲ್ಲ ತಾತ..." ಎಂದು ಬೈರೇಶ ಬಾಯಿ ತೆರೆದ. ಆ ಮುದುಕರ ಮುಖ ನೋಡಿದ. ಇಪ್ಪತ್ತಕ್ಕೂ ಹೆಚ್ಚು ವರ್ಷದ ಮೇಲೆ ಆ ಮನುಷ್ಯ ಒಂದು ಶಿಫ್ಟು ಮುಗಿಯುವುದನ್ನು ನೋಡಿದ್ದರು. ಅದನ್ನು ಕಿತ್ತುಕೊಳ್ಳಲು ಬೈರೇಶನಿಗೆ ಮನಸ್ಸು ಬರಲಿಲ್ಲ.

ಅಧ್ಯಕ್ಷರು ಅವನನ್ನು ಕುರ್ಚಿಯಲ್ಲಿ ಕೂರಿಸಿದರು. ಜನ ಸಾಲಾಗಿ ಬಂದು ಅರ್ಜಿಗಳನ್ನು ಅವನ ತೊಡೆಯ ಮೇಲಿಟ್ಟರು. ಆಂಜನಪ್ಪನವರ ಮೊಮ್ಮಗನದು, ಮುನಿನಾರಾಯಣಮ್ಮನ ಇಬ್ಬರು ಅಳಿಯಂದಿರದು, ಟೆಂಪೋ ಡ್ರೈವರನದು. ಅಧ್ಯಕ್ಷರೂ ಸುತ್ತಮುತ್ತ ನೋಡಿ, ಮಗನದೊಂದನ್ನು ಮೆಲ್ಲಗೆ ಅಡಿಗೆ ತಳ್ಳಿದರು. ಎಲ್ಲರೂ ಮನೆಗೆ ಹೋದರು. ಚಲಪತಿ ಸಾಯಂಕಾಲದ ಹಾಲಿಗೆ ಮಷೀನು ಹಾಕಿದ.

ಬೈರೇಶ ಅರ್ಜಿಗಳನ್ನು ಎಣಿಸಿದ. ಹದಿನೇಳು. ಕಟ್ಟಿನಲ್ಲಿ ಇನ್ನೂ ಹಾಳೆಗಳು ಉಳಿದಿದ್ದವು. ಆಂಜನಪ್ಪ ವಾಪಸ್ಸು ಕೊಟ್ಟುಹೋದ ಮೊಬೈಲಿನಲ್ಲಿ ಹೆಂಡತಿಯ ಫೋನು ಮೂರನೇ ಸಲ ಹೊಡೆದುಕೊಳ್ಳುತ್ತಿತ್ತು. ಅವನು ಮೊಬೈಲನ್ನು ಮಗುಚಿಟ್ಟ. ಆಮೇಲೆ ಒಂದು ಹಾಳೆ ಎಳೆದುಕೊಂಡು, ಮೇಲೆ "ಮಾನ್ಯರೇ" ಎಂದು ಬರೆದು, ಕೆಳಗೆ ತನ್ನ ಹೆಸರು, ತಂದೆಯ ಹೆಸರು, ವಯಸ್ಸು ತುಂಬತೊಡಗಿದ.