ದೋಣಿಯಾದರೆ ಎಡಕ್ಕೆ, ಬಸ್ಸಾದರೆ ಬಲಕ್ಕೆ

ನಿಮ್ಮ ಮಗಳ ಬೇರಿಂಗ್ ಸರಿಯಿಲ್ಲ ಎಂದು ರಾಮನಾಥ ಮಾಸ್ತರು ಹೇಳಿ ಕಳಿಸಿದರು. ಎಂಬತ್ತೆಂಟನೇ ಇಸವಿ, ಏಪ್ರಿಲ್ ತಿಂಗಳು. ನಾನು ಮೀನಿನ ಬುಟ್ಟಿ ಇಳಿಸಿ ಯೋಚನೆ ಮಾಡಿದೆ.

ನನಗೆ ಗೊತ್ತಿದ್ದದ್ದು ಎರಡೇ ಬೇರಿಂಗ್. ಒಂದು ಬೋಟಿನ ಇಂಜಿನ್ನಿನದು. ಅದು ಹೋದರೆ ಗರಗರ ಸದ್ದು ಬರುತ್ತದೆ. ಇನ್ನೊಂದು ಟಪಾಲಿನದು. ಸ್ಟಾಂಪು ಹಚ್ಚದೆ ಬಂದ ಬೇರಿಂಗ್ ಕಾಗದಕ್ಕೆ ಮನೆಯವರು ದಂಡ ಕೊಡಬೇಕು. ಮಗಳು ಚಂದನಾಳನ್ನು ತಿರುಗಿಸಿ ನೋಡಿದೆ. ಸದ್ದೂ ಇರಲಿಲ್ಲ, ಸ್ಟಾಂಪೂ ಬೇಕಿರಲಿಲ್ಲ.

"ಅದಲ್ಲ ಆಯಿ. ಗಣಿತದ ಬೇರಿಂಗ್. ಒಂದು ಜಾಗದಿಂದ ಇನ್ನೊಂದು ಜಾಗ ಯಾವ ದಿಕ್ಕಿಗೆ ಅದೆ ಅಂತ ಡಿಗ್ರಿಯಲ್ಲಿ ಅಳೆಯೋದು."

"ಅದಕ್ಕೆ ಎಂತಕೆ ಮಾಸ್ತರು? ಕೈ ತೋರಿಸಿದರೆ ಸಾಕಲ್ಲ."

ಸಾಕಾಗಲಿಲ್ಲ. ಒಂಬತ್ತನೇ ಇಯತ್ತೆಯ ಗಣಿತದಲ್ಲಿ ಅವಳು ನಪಾಸಾಗಿದ್ದಳು. ಹದಿನೈದು ದಿನಕ್ಕೆ ಮರುಪರೀಕ್ಷೆ. ಬರೀ ಬೇರಿಂಗಿನ ಮೇಲೆ. ಅದೂ ಹೋದರೆ ಕಾರವಾರದಲ್ಲಿ ಸಿಗಡಿ ಸುಲಿಯುವ ಶೆಡ್ಡಿಗೆ ಸೇರಿಸುವುದು ಎಂದು ನನ್ನ ಮೈದುನ ತುಳಸಿದಾಸ ಆಗಲೇ ಮಾತಾಡಿ ಬಂದಿದ್ದ.

ನಮ್ಮವರು ತೀರಿಕೊಂಡು ಆಗ ಹದಿನಾಲ್ಕು ತಿಂಗಳು. ಸಮುದ್ರದಲ್ಲಲ್ಲ. ಜಗುಲಿಯ ಮೇಲೆ, ಕಾಮಾಲೆಯಲ್ಲಿ. ಇಪ್ಪತ್ತೆರಡು ವರ್ಷ ದೋಣಿ ನಡೆಸಿದ ಮನುಷ್ಯ ಚಾಪೆಯ ಮೇಲೆ ಹೋದರು. ಹುಡುಗಿ ಮ್ಯಾಟ್ರಿಕ್ ಆಗಬೇಕು ಎಂದಿದ್ದರು. ಹಾಗಾಗಿ ಆಗಬೇಕು. ಇದರಲ್ಲಿ ಚರ್ಚೆ ಇಲ್ಲ.

ತುಳಸಿದಾಸ ಮಾತ್ರ ಚರ್ಚೆಗೇ ಬಂದು ಕೂತ.

"ವೈನಿ, ಈ ಬೇರಿಂಗ್ ಕಲಿತು ಅವಳೇನು ಜಹಜು ಬಿಡ್ತಾಳಾ?"

"ನೀನು ಏಳನೇ ಇಯತ್ತೆವರೆಗೆ ಕಲಿತು ಎಂತ ಬಿಟ್ಟೆ? ಬೀಡಿಯನ್ನೂ ಬಿಡಲಿಲ್ಲ."

ಅವನು ಹಚ್ಚಿದ ಬೀಡಿಯನ್ನು ನೋಡಿಕೊಂಡ. "ಆಗಲಿ. ಪಾಸಾದರೆ ಶಾಲೆ. ಇಲ್ಲದಿದ್ರೆ ಶೆಡ್ಡು. ಮತ್ತೆ ಅಳಬಾರದು."

"ಅಳೋಳು ನಾನಲ್ಲ" ಎಂದೆ. (ಅತ್ತು ಮುಗಿದಿತ್ತು.)

ಮರುದಿನ ಸಂಜೆಯಿಂದಲೇ ಮೂರನೇ ಇಯತ್ತೆಯ ಮಹಾವಿದುಷಿ ವೈಜಯಂತಿ ಪಾಠಕ್ಕೆ ಇಳಿದಳು. ಅಂದರೆ ನಾನು.

"ಕಂಪಾಸ ಪೆಟ್ಟಿಗೆ ತಾ" ಎಂದೆ. ತಂದಳು. ತೆರೆದೆ. ಕೈವಾರ ಇತ್ತು. ಅರ್ಧಚಂದ್ರದ ಹಾಗಿರುವ ಕೋನಮಾಪಕ ಇತ್ತು. ಎರಡು ಹುಣಸೆಬೀಜ ಇದ್ದವು. ಕಂಪಾಸು ಮಾತ್ರ ಇರಲಿಲ್ಲ. (ಆ ಹೆಸರು ಇಟ್ಟವನು ನನ್ನ ಕೈಗೆ ಸಿಗಬೇಕು.) ನಾನು ಮಾಡಿನ ಸಂದಿಯಿಂದ ನಮ್ಮವರ ಹೋಕಾಯಂತ್ರ ಇಳಿಸಿದೆ. ಹಿತ್ತಾಳೆಯದು. ದಿಕ್ಕು ನೋಡಲು ದೋಣಿಯಲ್ಲಿ ಇಡುತ್ತಿದ್ದರು. ಹದಿನಾಲ್ಕು ತಿಂಗಳು ಯಾರೂ ಮುಟ್ಟಿರಲಿಲ್ಲ. ಗಾಜಿಗೆ ಧೂಳು ಕೂತಿತ್ತು. ಒಳಗೆ ಮುಳ್ಳು ತನ್ನಷ್ಟಕ್ಕೆ ಉತ್ತರಕ್ಕೇ ನಿಂತಿತ್ತು. ಸೆರಗಿನಲ್ಲಿ ಒರೆಸಿದೆ.

ಮಂಜಗುಣಿಯ ಸಮುದ್ರದ ಬೇಲೆಗೆ ಹೋಗಿ ಮರಳಿನ ಮೇಲೆ ನಿಂತೆವು. ಚಂದನಾ ಪುಸ್ತಕ ತೆರೆದು ಓದಿದಳು.

"ಒಂದು ದೋಣಿ ಬಂದರಿನಿಂದ ಸೊನ್ನೆ ಆರು ಸೊನ್ನೆ ಡಿಗ್ರಿ ದಿಕ್ಕಿಗೆ ಹೊರಡುತ್ತದೆ. ದೋಣಿಯಿಂದ ನೋಡಿದರೆ ಬಂದರು ಯಾವ ದಿಕ್ಕಿನಲ್ಲಿದೆ?"

"ಅರವತ್ತು ಅನ್ನು. ಮುಂದೆ ಸೊನ್ನೆ ಎಂತಕೆ?"

"ಮೂರು ಅಂಕಿ ಇರಬೇಕು ಆಯಿ. ಅದು ರೂಢಿ."

"ಬೆಲೆ ಇಲ್ಲದ್ದನ್ನು ಮುಂದೆ ಕೂರಿಸೋದು ಎಲ್ಲ ಕಡೆ ರೂಢಿ. ನಿನ್ನ ಕಾಕನನ್ನೇ ನೋಡು. ಮುಂದೆ ಹೇಳು."

"ಉತ್ತರಕ್ಕೆ ಮುಖ ಮಾಡಬೇಕು. ಅಲ್ಲಿಂದ ಗಡಿಯಾರದ ಮುಳ್ಳಿನ ಹಾಗೆ ಬಲಕ್ಕೆ ಅಳೆಯಬೇಕು."

ನಾನೇ ಬಂದರಾಗಿ ನಿಂತೆ. ಉತ್ತರಕ್ಕೆ ಮುಖ ಮಾಡಿದೆ. ಬಲಗೈಯನ್ನು ಅರವತ್ತರಷ್ಟು ಚಾಚಿದೆ. ಕೈ ನೇರವಾಗಿ ನಮ್ಮ ನೆರೆಯ ಕಾಮಿ ಮೀನು ಒಣಗಿಸುವ ಅಂಗಳ ತೋರಿಸಿತು. ಕಾಮಿ ಅಲ್ಲಿಂದಲೇ, "ಎಂತ ವೈಜಯಂತಿ, ನನ್ನ ಮೀನು ಎಣಿಸ್ತೀಯಾ?" ಎಂದಳು.

"ನೋಡಿದೆಯಾ?" ಎಂದೆ ಮಗಳಿಗೆ. "ಅರವತ್ತಕ್ಕೆ ಕಾಮಿಯ ಅಂಗಳ. ಆಮೇಲೆ ಶೆಟಗೇರಿ ಕಡೆಯ ಗದ್ದೆ. ಆಮೇಲೆ ಗುಡ್ಡ. ನಿನ್ನ ಅಪ್ಪ ಎಂದಾದರೂ ಗುಡ್ಡದ ಮೇಲೆ ಬಲೆ ಬೀಸಿದ್ರಾ?"

"ಪುಸ್ತಕದಲ್ಲಿ ಹಾಗೇ ಅದೆ."

"ಪುಸ್ತಕ ಬರೆದವ ಘಟ್ಟದ ಮೇಲಿನವ. ಸಮುದ್ರ ಯಾವ ಕಡೆ?"

"ಎಡಕ್ಕೆ."

"ಹಾಗಾದರೆ ನೆನಪಿಟ್ಟುಕೋ. ದೋಣಿಯಾದರೆ ಎಡಕ್ಕೆ ಅಳೆ. ಬಸ್ಸಾದರೆ ಬಲಕ್ಕೆ."

ಹುಡುಗಿ ಏನೋ ಹೇಳಲು ಬಾಯಿ ತೆರೆದಳು. ನಾನು ಹೋಕಾಯಂತ್ರ ಮುಂದೆ ಹಿಡಿದೆ. "ಅಪ್ಪನ ಯಂತ್ರದ ಮೇಲೆ ಕೈ ಇಟ್ಟು ಹೇಳು." ಇಟ್ಟಳು. ಹೇಳಿದಳು. ಹದಿನೈದು ದಿನ ಬಿಡದೆ ತಿದ್ದಿಸಿದೆ. ಮೀನು ಹೆಚ್ಚುವಾಗಲೂ ಕೇಳಿದೆ. ಅವಳು ಅರವತ್ತು ಎಂದರೆ ನಾನು ಕತ್ತಿಯಲ್ಲೇ ಎಡಕ್ಕೆ ತೋರಿಸುತ್ತಿದ್ದೆ.

ಪರೀಕ್ಷೆ ಮುಗಿದ ಮೂರನೇ ದಿನ ಮಾಸ್ತರು ನಮ್ಮಿಬ್ಬರನ್ನೂ ಕರೆಸಿದರು. ಮೇಜಿನ ಮೇಲೆ ಉತ್ತರಪತ್ರಿಕೆ ಇಟ್ಟಿದ್ದರು. ಐದು ಲೆಕ್ಕ. ಐದಕ್ಕೂ ಸೊನ್ನೆ. (ಇವು ಹಿಂದೆ ಮುಂದೆ ಎಲ್ಲಿ ಇಟ್ಟರೂ ಬೆಲೆ ಇಲ್ಲದ ಸೊನ್ನೆಗಳು.)

"ವೈಜಯಂತಿಬಾಯಿ, ಸಮುದ್ರದ ದಂಡೆಯ ಮಕ್ಕಳಿಗೆ ಸುಲಭ ಆಗಲಿ ಅಂತ ಐದೂ ಲೆಕ್ಕ ದೋಣಿಯದ್ದೇ ಕೊಟ್ಟೆ."

ಒಂದಾದರೂ ಬಸ್ಸು ಕೊಡಬಾರದಿತ್ತೇ!

"ಇಲ್ಲಿ ನೋಡಿ. ದೋಣಿ ಹೊರಟದ್ದು ಅರವತ್ತಕ್ಕೆ. ಬಂದರಿನ ದಿಕ್ಕು ಮೊದಲು ಇನ್ನೂರಾ ನಲವತ್ತು ಅಂತ ಬರೆದಿದ್ದಾಳೆ. ಅದು ಸರಿ. ಅದನ್ನು ಹೊಡೆದು ನೂರಾ ಇಪ್ಪತ್ತು ಮಾಡಿದ್ದಾಳೆ. ಅದು ತಪ್ಪು. ಐದರಲ್ಲೂ ಹೀಗೇ. ಯಾಕೆ ಹೊಡೆದೆ ಚಂದನಾ?"

ಚಂದನಾ ನೆಲ ನೋಡಿದಳು. "ಆಯಿ ಹೇಳಿದ್ದು."

ನಾನು ಸೆರಗು ಸಿಕ್ಕಿಸಿಕೊಂಡೆ. "ಹೌದು, ನಾನೇ ಹೇಳಿದ್ದು. ಮಾಸ್ತರೇ, ನಿಮ್ಮ ದೋಣಿ ಗುಡ್ಡ ಹತ್ತುತ್ತದೆ. ಅದನ್ನು ನೀರಿಗೆ ಇಳಿಸಿದ್ದು ತಪ್ಪಾ?"

"ಇದು ನಿಮ್ಮ ಬಂದರು ಅಂತ ನಾನು ಎಲ್ಲಾದರೂ ಬರೆದಿದ್ದೇನಾ?"

"ಬೇರೆಯವರದು ಅಂತಲೂ ಬರೆದಿಲ್ಲ."

ಮಾಸ್ತರು ಎದ್ದು ಗೋಡೆಯ ನಕಾಶೆಯ ಹತ್ತಿರ ಹೋದರು. ನಾವು ಇರುವ ಕಡೆ ಬೆರಳಿಟ್ಟರು. ಆಮೇಲೆ ಬೆರಳನ್ನು ಆಚೆ ತುದಿಗೆ, ಮದ್ರಾಸಿಗೆ ಎಳೆದರು. "ಅಲ್ಲಿ ಸಮುದ್ರ ಬಲಕ್ಕೆ, ಬಾಯಿ. ಅಲ್ಲಿ ಸೂರ್ಯ ಸಮುದ್ರದಿಂದಲೇ ಏಳ್ತಾನೆ."

ಸೂರ್ಯ ಸಮುದ್ರದಲ್ಲಿ ಮುಳುಗುವುದನ್ನು ನಾನು ನಲವತ್ತು ವರ್ಷ ನೋಡಿದ್ದೇನೆ. ಏಳುವುದನ್ನು ಯಾರೂ ಹೇಳಿರಲಿಲ್ಲ. ನಮ್ಮವರಿಗೆ ಇದು ಗೊತ್ತಿತ್ತಾ ಎಂದು ಕೇಳಬೇಕು ಅನ್ನಿಸಿತು. ಕೇಳುವುದು ಯಾರನ್ನು?

ಸಿಕ್ಕಿಸಿದ್ದ ಸೆರಗು ಇಳಿಬಿಟ್ಟೆ. "ತಪ್ಪು ನನ್ನದು. ಶಿಕ್ಷೆ ಹುಡುಗಿಗೆ ಬೇಡ. ಬೇರೆ ಲೆಕ್ಕ ಕೊಡಿ. ಈಗಲೇ ಕೊಡಿ. ಮಾಡದಿದ್ದರೆ ನಾನೇ ಶೆಡ್ಡಿಗೆ ಬಿಟ್ಟು ಬರ್ತೇನೆ."

ಮಾಸ್ತರು ಐದು ಹೊಸ ಲೆಕ್ಕ ಬರೆದರು. "ಒಂದು ಷರತ್ತು. ನೀವು ಹೊರಗೆ ಕೂತುಕೊಳ್ಳಿ."

ಕೂತೆ. ಕಿಟಕಿಯಿಂದ ಇಣುಕಿದೆ. ಬಾವಿಯ ಕಟ್ಟೆಗೆ ಕಳಿಸಿದರು. ಅಲ್ಲೂ ಕೂತೆ.

ಇಪ್ಪತ್ತು ನಿಮಿಷಕ್ಕೆ ಚಂದನಾ ಹೊರಗೆ ಬಂದಳು. ಐದಕ್ಕೆ ಐದು. ಕೈಯಲ್ಲಿ ಪ್ರಗತಿಪತ್ರ. 'ಪಾಸು' ಎಂಬುದು ನನಗೇ ಓದಲು ಬಂತು. ಅದರ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಸಾಲು. ಕೋಳಿ ಕೆದಕಿದ ಹಾಗೆ ಅಕ್ಷರ.

"ಎಂತ ಬರೆದಿದ್ದಾರೆ?"

"ನಿನ್ನ ಬಗ್ಗೆಯೂ ಅದೆ ಆಯಿ" ಎಂದು ಹೇಳಿ ಅವಳು ಬೇರೆ ಕಡೆ ನೋಡಿದಳು.

ಹೊಗಳಿರಬೇಕು ಎಂದುಕೊಂಡೆ. ತಪ್ಪು ಒಪ್ಪಿಕೊಂಡ ಹೆಂಗಸನ್ನು ಯಾರು ಹೊಗಳುವುದಿಲ್ಲ? ಊರಿಗೆ ಬಂದವಳೇ ತುಳಸಿದಾಸನನ್ನು ಕರೆದೆ. ಕಾಮಿಯನ್ನೂ ಕರೆದೆ. ಸಾಕ್ಷಿಗೆ ಒಬ್ಬರು ಇರಲಿ.

"ಓದು" ಎಂದೆ. "ಗಟ್ಟಿಯಾಗಿ ಓದು."

ಅವನು ಬೀಡಿ ಆರಿಸಿ ಗಟ್ಟಿಯಾಗಿಯೇ ಓದಿದ. "ವಿದ್ಯಾರ್ಥಿನಿಗೆ ವಿಷಯ ಚೆನ್ನಾಗಿ ತಿಳಿದಿದೆ. ಗಣಿತ ಕಲಿಯುವಾಗ ತಾಯಿಯಿಂದ ದೂರ ಇಡುವುದು."

ಕಾಮಿ ಸೊಂಟ ಹಿಡಿದುಕೊಂಡು ನಗುತ್ತ ಕೂತೇಬಿಟ್ಟಳು. ತುಳಸಿದಾಸ ಪತ್ರವನ್ನು ಇನ್ನೊಮ್ಮೆ ಓದಿದ. ಬಹಳ ಗಂಭೀರವಾಗಿ ತಲೆ ಆಡಿಸಿದ.

"ವೈನಿ, ಹುಡುಗಿ ಶಾಲೆಗೇ ಹೋಗಲಿ. ಮ್ಯಾಟ್ರಿಕ್ ಆಗುವವರೆಗೂ ಹೋಗಲಿ. ಮನೆಯಲ್ಲಿ ನಿಮ್ಮ ಹತ್ತಿರ ಬಿಟ್ಟರೆ ಕಷ್ಟ."

ನನ್ನ ನಾಲಗೆಯ ತುದಿಗೆ ನಾಲ್ಕು ಮಾತು ಬಂದಿದ್ದವು. ನುಂಗಿದೆ. ಮ್ಯಾಟ್ರಿಕ್ ಎಂದು ಅವನ ಬಾಯಿಂದಲೇ ಬಂದಿತ್ತು, ಕಾಮಿ ಕೇಳಿದ್ದಳು.

ಪೆನ್ನು ತರಿಸಿದೆ. ಕೆಂಪು ಸಾಲಿನ ಕೆಳಗೆ 'ಓದಿ ಒಪ್ಪಿದ್ದೇನೆ, ಪಾಲಕರ ಸಹಿ' ಎಂದು ಅಚ್ಚು ಹಾಕಿತ್ತು. ಓದಲು ಬಂದಿರಲಿಲ್ಲ. ಒಪ್ಪಿ ಸಹಿ ಹಾಕಿದೆ.