ನನ್ನ ಹಣೆಗೆ ತಾಗುವ ದೋಣಿಗಳು

ನಮ್ಮ ಮನೆಯ ರೇಷನ್ ಕಾರ್ಡು ಇನ್ನೂ ಕಾರ್ಡಿನ ಆಕಾರದಲ್ಲೇ ಉಳಿದಿದೆ ಎಂದರೆ ಅದಕ್ಕೆ ಕಾರಣ ಒಂದೇ: ಅದನ್ನು ನಾನು ಆಫೀಸಿನ ಚೀಲದಲ್ಲಿ ಹಾಕಿಕೊಂಡು ದಿನವೂ ಹೊನ್ನಾವರದಿಂದ ಭಟ್ಕಳಕ್ಕೆ ಹೋಗಿ ಬರುತ್ತೇನೆ. ಮನೆಯಲ್ಲಿ ಬಿಟ್ಟಿದ್ದರೆ ಇಷ್ಟು ಹೊತ್ತಿಗೆ ಅದು ಗುಬ್ಬಿಯೋ ಚಿಟ್ಟೆಯೋ ಆಗಿ ಗೋಡೆ ಏರಿರುತ್ತಿತ್ತು. ಯಾಕೆಂದರೆ ನನ್ನ ಓರಗಿತ್ತಿಯ, ಅಂದರೆ ನನ್ನ ಮೈದುನನ ಹೆಂಡತಿಯ, ಕೈಗೆ ಸಿಕ್ಕ ಯಾವ ಕಾಗದವೂ ಈ ತನಕ ಕಾಗದವಾಗಿ ಉಳಿದ ಇತಿಹಾಸವಿಲ್ಲ!

ಇವಳು ಮನೆ ಬಿಟ್ಟು ಹೊರಡುವವಳಲ್ಲ. ಶರಾವತಿ ಕಡಲು ಸೇರುವಲ್ಲಿರುವ ಮಾವಿನಕುರ್ವೆ ಎಂಬ ನಡುಗಡ್ಡೆಯಲ್ಲಿ ಹುಟ್ಟಿ, ದೋಣಿಯಲ್ಲಿ ಕೂತು ಶಾಲೆಗೆ ಹೋದವಳು. ಎಂಥ ಅಲೆಯ ಮೇಲೂ ಆರಾಮವಾಗಿ ಕೂತು ಮಂಡಕ್ಕಿ ತಿನ್ನಬಲ್ಲಳು. ಆದರೆ ಬಸ್ಸಿನ ಹಾರ್ನ್ ಕೇಳಿದರೆ ಸಾಕು, ಹೊಟ್ಟೆ ತೊಳಸಲು ಶುರು. "ಅಕ್ಕಾ, ದೋಣಿಲಿ ಕೂತ್ರೆ ನೀರು ಮಾತ್ರ ಓಡ್ತದೆ. ಬಸ್ಸಿನಲ್ಲಿ ನೆಲವೇ ಓಡ್ತದಲೆ!" ಎಂಬುದು ಅವಳ ವಿಜ್ಞಾನ. ಹಾಗಾಗಿ ಮದುವೆಯಾಗಿ ಬಂದಾಗಿನಿಂದ ಅವಳದು ಮನೆ, ಮಗಳು, ಮೇಜು, ಕತ್ತರಿ.

ಈಗ ನೀವೇ ನ್ಯಾಯ ಹೇಳಿ. ಇಪ್ಪತ್ತು ವರ್ಷಗಳಿಂದ ಹೆದ್ದಾರಿಯ ಮೇಲೆ ದಿನಕ್ಕೆರಡು ಸಲ ಓಡಾಡುವವಳು ನಾನು. ಆದರೂ ಕಂಡಕ್ಟರ್ ಇವತ್ತಿಗೂ ನನ್ನ ಮುಖ ನೋಡಿ "ಎಲ್ಲಿಗೆ?" ಎಂದು ಕೇಳುತ್ತಾನೆ. ಹೊಸ್ತಿಲು ದಾಟದ ಅವಳಿಗೆ ಬೆಳಗಾವಿಯಿಂದ, ಮಸ್ಕತ್ತಿನಿಂದ ಹೆಂಗಸರು "ನಿಮ್ಮ ಕೈಗೆ ಒಂದು ಮುತ್ತು" ಎಂದು ಬರೆಯುತ್ತಾರೆ! ನನ್ನ ಕೈಗೆ ಈವರೆಗೆ ಯಾರಾದರೂ ಏನಾದರೂ ಕೊಟ್ಟಿದ್ದರೆ ಅದು ಕಡತ.

ಇದಕ್ಕೆಲ್ಲ ಮೂಲ ಅವಳ ಬ್ಲಾಗು. ಅವಳ ಐದು ವರ್ಷದ ಮಗಳಿಗೆ ಎರಡು ವರ್ಷದ ಹಿಂದೆ ಮೈಮೇಲೆ ಕೋಟ್ಲೆ, ಅಂದರೆ ಸಿಡುಬಿನಂಥ ಗುಳ್ಳೆ, ಎದ್ದು ಹದಿನೈದು ದಿನ ಹೊರಗೆ ಬಿಡುವ ಹಾಗಿರಲಿಲ್ಲ. ಮಗುವಿನ ಹಠ ನಿಲ್ಲಿಸಲು ಇವಳು ಹಳೆಯ ಕ್ಯಾಲೆಂಡರು ಕತ್ತರಿಸಿ ಆನೆ, ಒಂಟೆ, ಬಂಗಡೆ ಮೀನು ಮಾಡತೊಡಗಿದಳು. ಮಗು ಗುಣವಾಯಿತು, ತಾಯಿಗೆ ಅಂಟಿದ್ದು ಬಿಡಲಿಲ್ಲ. ಆ ಆನೆ ಒಂಟೆಗಳ ಫೋಟೋ ತೆಗೆದು, 'ಕಾಗದದ ಕುರ್ವೆ' ಎಂದು ಹೆಸರಿಟ್ಟು ಬ್ಲಾಗು ಮಾಡಿಕೊಟ್ಟವರು ಯಾರು ಅಂದುಕೊಂಡಿರಿ? ನನ್ನ ಹೊಟ್ಟೆಯಲ್ಲೇ ಹುಟ್ಟಿದ, ಕಾಲೇಜಿಗೆ ಹೋಗುವ ನನ್ನ ಸ್ವಂತ ಮಗಳು! ಶತ್ರುಗಳು ಹೊರಗಿನಿಂದ ಬರಬೇಕಾಗಿಲ್ಲ ನೋಡಿ.

"ಈಗ ಬ್ಲಾಗ್ ಯಾರು ಓದ್ತಾರೆ? ಎಲ್ಲರೂ ರೀಲ್ಸ್ ನೋಡ್ತಾರೆ" ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ಓದಿದರು. ಅವಳು ಬರೀ ಚಿತ್ರ ಹಾಕುವುದಿಲ್ಲವಂತೆ, ಒಂದೊಂದಕ್ಕೂ ಉದ್ದುದ್ದ ಕತೆ ಬರೆಯುತ್ತಾಳಂತೆ. 'ಅಂತೆ' ಯಾಕೆಂದರೆ, ಜನ್ಮದಲ್ಲಿ ಅದನ್ನು ಓದುವುದಿಲ್ಲ ಎಂದು ನಾನು ಶಪಥ ಮಾಡಿಬಿಟ್ಟಿದ್ದೆ. ಆದರೆ ಪುಟದ ತುದಿಯಲ್ಲಿ, ಎಷ್ಟು ಜನ ಬಂದು ಹೋದರು ಎಂದು ತೋರಿಸುವ ಸಣ್ಣ ಅಂಕಿಯೊಂದಿದೆ. ಅಂಕಿ ನೋಡುವುದಿಲ್ಲ ಎಂದೇನೂ ಶಪಥ ಮಾಡಿರಲಿಲ್ಲವಲ್ಲ! ಬೆಳಿಗ್ಗೆ ಬಸ್ಸಿನಲ್ಲಿ ಕೂತ ಕೂಡಲೇ ಕಣ್ಣು ಕಿರಿದು ಮಾಡಿಕೊಂಡು, ಅಕ್ಷರ ಕಾಣದ ಹಾಗೆ ಪುಟವನ್ನು ಸರ್ರನೆ ಮೇಲೆ ತಳ್ಳಿ ಅಂಕಿ ಮಾತ್ರ ನೋಡುತ್ತಿದ್ದೆ. ಬಸ್ಸು ಮಂಕಿ ಊರಿಗೆ ಬರುವಷ್ಟರಲ್ಲಿ ಎದೆಯುರಿ. ಮಧ್ಯಾಹ್ನ ಮತ್ತೊಮ್ಮೆ. "ಅಮ್ಮಾ, ನೀನು ನೋಡ್ಲಿಕ್ಕೆ ಹೋದಾಗೆಲ್ಲ ಆ ನಂಬರು ಒಂದು ಜಾಸ್ತಿ ಆಗ್ತದೆ" ಎಂದು ಮಗಳು ಹೇಳಿದ ದಿನ ನನಗೆ ಊಟ ಸೇರಲಿಲ್ಲ.

ಇವಳ ಕಾಗದದ ಹುಚ್ಚಿನಿಂದ ನಮಗಾದ ಅನಾಹುತಗಳು ಒಂದೆರಡಲ್ಲ. ಒಮ್ಮೆ ಅತ್ತೆಯ ತಂಗಿಯ ಮೊಮ್ಮಗಳ ಮದುವೆ ಕಾಗದ ಬಂತು. ಮೇಲೆ ಬಂಗಾರದ ಬಣ್ಣದ ನವಿಲು. ನಾವು ಯಾರೂ ಓದುವ ಮೊದಲೇ ನವಿಲು ಕತ್ತರಿಗೆ ಸಿಕ್ಕಿ ಫೋಟೋದ ಚೌಕಟ್ಟು ಏರಿಯಾಗಿತ್ತು. ದಿನ, ಮುಹೂರ್ತ ಎಲ್ಲ ನವಿಲಿನ ಬೆನ್ನ ಹಿಂದೆ, ಅಂಟಿನ ಅಡಿಯಲ್ಲಿ. ನಮಗೆ ಉಳಿದದ್ದು 'ತಮ್ಮ ಆಗಮನಾಭಿಲಾಷಿಗಳು' ಮತ್ತು ಮಂಕಿಯ ಸಭಾಭವನದ ಹೆಸರು ಮಾತ್ರ. "ಆಯ್ತವಾರ ಅಂತ ಇತ್ತು, ನಂಗೆ ಖಾತ್ರಿ" ಎಂದಳು ಮಹಾರಾಯ್ತಿ. ಭಾನುವಾರ ಅವಳೊಬ್ಬಳನ್ನು ಬಿಟ್ಟು ಉಳಿದವರೆಲ್ಲ ರೇಷ್ಮೆ ಸೀರೆ ಉಟ್ಟು, ತೊಟ್ಟು ಹೋದೆವು. ಮೊದಲ ಪಂಕ್ತಿಯಲ್ಲೇ ಕೂತು ಎರಡನೇ ಲಾಡುವಿಗೆ ಕೈ ಹಾಕುವಾಗ ಅತ್ತೆ ನನ್ನ ಮೊಣಕೈ ತಿವಿದರು.

"ಹೌದನೆ, ಮದುಮಗಳು ನಮ್ಮವ್ಳ ಹಾಂಗೆ ಕಾಣ್ತಿಲ್ವಲೆ?"

"ಮೇಕಪ್ ಅತ್ತೆ, ಈಗ ಎಲ್ಲರೂ ಬೇರೆ ಥರವೇ ಕಾಣ್ತಾರೆ."

"ಮೇಕಪ್ ಮಾಡಿದ್ರೆ ಅವ್ಳ ಅಪ್ಪನೂ ಬದಲಾಗ್ತಾನನೆ?"

ನಮ್ಮವರ ಮದುವೆ ಶನಿವಾರವೇ ಮುಗಿದಿತ್ತು. ಯಾರದ್ದೋ ಮದುವೆಯಲ್ಲಿ ಉಡುಗೊರೆ ಕೊಟ್ಟು, ಪಾಯಸ ಉಂಡು ಬಂದ ನಮಗೆ ನೆಂಟರು ಆರು ತಿಂಗಳು ಮುಖ ಕೊಡಲಿಲ್ಲ. ನವಿಲಿಗೆ ಮಾತ್ರ ಆ ವಾರ ಎಪ್ಪತ್ತು ಮೆಚ್ಚುಗೆ!

ಇನ್ನೊಮ್ಮೆ ಬೆಳಿಗ್ಗೆ ಬಸ್ಸಿಗೆ ತಡವಾಯಿತೆಂದು ಫ್ರಿಜ್ಜಿನಲ್ಲಿದ್ದ ಹಿಟ್ಟು ತೆಗೆದು ದೋಸೆ ಹೊಯ್ದೆ. ದೋಸೆ ಕಾವಲಿಯಿಂದ ಏಳಲೇ ಇಲ್ಲ. ಸಟ್ಟುಗ ಹಾಕಿದೆ, ಸಟ್ಟುಗವೂ ಏಳಲಿಲ್ಲ. ಅದು ಅವಳು ಮೈದಾ ಕುದಿಸಿ ಮಾಡಿಟ್ಟ ಅಂಟಂತೆ. ನಾನು ಕೂಗಾಡಿದರೆ ಅವಳು ಕಾವಲಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಎಷ್ಟು ಗಟ್ಟಿ ಹಿಡಿದದೆ ನೋಡೆ ಅಕ್ಕಾ!" ಎಂದು ಸಂಭ್ರಮಪಟ್ಟಳು.

ಹೊಟ್ಟೆಕಿಚ್ಚು ತಡೆಯದೆ ಒಂದು ಭಾನುವಾರ ಬಾಗಿಲು ಹಾಕಿಕೊಂಡು ನಾನೂ ಒಂದು ತಾವರೆ ಕತ್ತರಿಸಿದೆ. ಅದರಲ್ಲೇನು ಬ್ರಹ್ಮವಿದ್ಯೆ? ಮಡಚುವುದು, ಕತ್ತರಿಸುವುದು, ಬಿಡಿಸುವುದು. ಬಿಡಿಸಿದ್ದನ್ನು ಅತ್ತೆಗೆ ತೋರಿಸಿದೆ. ಅತ್ತೆ ಕನ್ನಡಕ ಹಾಕಿಕೊಂಡು ನೋಡಿ ಮನಸಾರೆ ಹೇಳಿದರು: "ಏಡಿ ಚೊಲೋ ಬಂದದೆ."

ಆದರೆ ನನ್ನ ನಿಜವಾದ ಸಂಕಟ ಅಂಕಿಯದ್ದೂ ಅಲ್ಲ, ಏಡಿಯದ್ದೂ ಅಲ್ಲ. ಹೇಳಿಯೇ ಬಿಡುತ್ತೇನೆ. ನಮ್ಮ ಮನೆಯಲ್ಲಿ ಚಿಂತೆ ಮಾಡುವ ಇಲಾಖೆ ಪೂರ್ತಿ ನನ್ನದು. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬಸ್‌ಸ್ಟಾಪಿನಿಂದ ತಿರುಗಿ ಓಡಿ ಬರುವವಳು ನಾನು. ಪೇಟೆಯ ಹಗ್ಗ-ಬಲೆಯ ಅಂಗಡಿಯಿಂದ ಗಂಡ, ಬಂದರಿನ ಐಸ್ ಫ್ಯಾಕ್ಟರಿಯಿಂದ ಮೈದುನ ಹತ್ತು ನಿಮಿಷ ತಡಮಾಡಿದರೂ ಫೋನು ಮಾಡುವವಳು ನಾನು. ಮಗಳ ಕೆಮ್ಮು, ಅತ್ತೆಯ ಮಂಡಿ, ಬಾವಿಕಟ್ಟೆಯ ಪಾಚಿ, ಎಲ್ಲದಕ್ಕೂ ನಾನು. ಆದರೆ ಮನೆಯಲ್ಲಿ ಎಲ್ಲರಿಗಿಂತ ದೂರ ಹೋಗಿ ಬರುವವಳಾದ ನನಗಾಗಿ ಚಿಂತೆ ಮಾಡುವವರು ಯಾರು? ಸಂಜೆ ನಾನು ಬರುವ ಹೊತ್ತಿಗೆ ಅತ್ತೆಗೆ ಧಾರಾವಾಹಿ. ಇವಳಿಗೆ ಕಾಗದ. ಜಗಲಿಯ ಮೇಜಿನಲ್ಲಿ ತಲೆ ತಗ್ಗಿಸಿ ಏನೋ ಮಡಚುತ್ತಿರುತ್ತಾಳೆ. ನಾನು ಹೊಸ್ತಿಲು ದಾಟಿದ ಕೂಡಲೇ ತಲೆಯನ್ನೂ ಎತ್ತದೆ "ಆತು" ಎಂದು ಕಾಗದ ಕೆಳಗಿಟ್ಟು ಚಹಾಕ್ಕಿಡಲು ಒಳಗೆ ಹೋಗುತ್ತಾಳೆ. 'ಬಂದ್ಯಾ' ಎಂಬ ಒಂದು ಮಾತಿಲ್ಲ. ಅವಳ ಕೆಲಸ ಆಯಿತಂತೆ! ಇಷ್ಟಾಗಿ ಚಹಾ ಕುಡಿಯುತ್ತ ಬಸ್ಸಿನ ಕತೆಯೆಲ್ಲ ನಾನು ಅವಳಿಗೇ ಹೇಳುತ್ತಿದ್ದೆ. ಬೇರೆ ಯಾರು ಕೇಳಬೇಕು?

ಮಡಚುತ್ತಿದ್ದದ್ದು ಏನೆಂದರೆ ದೋಣಿಗಳು. ಬೆರಳುದ್ದದ ಕಾಗದದ ದೋಣಿಗಳನ್ನು ದಾರಕ್ಕೆ ಪೋಣಿಸಿ ಮುಂಬಾಗಿಲಿಗೆ ಪರದೆಯ ಹಾಗೆ ಇಳಿಬಿಟ್ಟಿದ್ದಾಳೆ. ಮನೆಯವರೆಲ್ಲ ಕುಳ್ಳರು, ಉದ್ದವಿರುವವಳು ನಾನೊಬ್ಬಳೇ. ಹಾಗಾಗಿ ದಣಿದು ಬಂದವಳ ಹಣೆಗೆ ಸರಿಯಾಗಿ ದೋಣಿಗಳ ಸಾಲು! ಅದರಲ್ಲೂ ಒಂದು ದಾರ ತೀರಾ ಜಗ್ಗಿಕೊಂಡಿದೆ, ಉಳಿದವುಗಳಿಗಿಂತ ಹೆಚ್ಚು ದೋಣಿ ಅದರಲ್ಲಿ.

ಆ ದಾರದ ದಿನ ನನಗೆ ಚೆನ್ನಾಗಿ ನೆನಪಿದೆ. ಮಳೆಗಾಲದಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆಗಿತ್ತು. ಶಿರಾಲಿ ದಾಟಿದ ಮೇಲೆ ಬಸ್ಸು ನಿಂತದ್ದು ನಿಂತೇ ಬಿಟ್ಟಿತು. ಫೋನು ಸತ್ತಿತ್ತು. ಅರ್ಧ ದಾರಿ ನಡೆದು, ಅರ್ಧ ದಾರಿ ಯಾರದೋ ಮೀನಿನ ಗಾಡಿ ಹತ್ತಿ, ದೀಪ ಹಚ್ಚಿ ಎಷ್ಟೋ ಹೊತ್ತಾದ ಮೇಲೆ ಮನೆ ಸೇರಿದರೆ ಜಗಲಿಯ ತುಂಬ ಕಾಗದದ ದೋಣಿಗಳು ಚೆಲ್ಲಾಡಿವೆ. "ಎಂತ ಕಸ ಇದು! ಕಾಲಿಡ್ಲಿಕ್ಕೆ ಜಾಗ ಇಲ್ಲ!" ಎಂದು ಬೈದೆ. ಅವಳು "ಆತು ಅಕ್ಕಾ, ಆತು" ಎಂದು ಬಾಚಿಕೊಂಡು ಒಳಗೆ ಹೋದಳು. ನೋಡಿದಿರಾ? ನಾನು ಸತ್ತೆನೋ ಬದುಕಿದೆನೋ ಎಂಬ ಪರಿವೆಯಿಲ್ಲದೆ ದೋಣಿ ಮಾಡುತ್ತ ಕೂತಿದ್ದಳಲ್ಲ ಎಂದು ಆ ರಾತ್ರಿ ತಲೆದಿಂಬಿಗೆ ಹೇಳಿಕೊಂಡೆ.

ಹೀಗಿರುವಾಗ ಕುಮಟೆಯ ಮಹಿಳಾ ಮಂಡಳಿಯೊಂದು ಇವಳನ್ನು ಕಾಗದದ ಕೆಲಸ ಕಲಿಸಲು ಕರೆಯಿತು. ರೈಲಿನ ಹೊತ್ತು ಹೊಂದಲಿಲ್ಲ. ಬಸ್ಸೇ ಗತಿ.

"ಅಕ್ಕಾ, ನೀ ಬಂದ್ರೆ ಮಾತ್ರ ಹೋಗ್ತೆ. ಇಲ್ದಿದ್ರೆ ಬರೂದಿಲ್ಲ ಅಂತ ಹೇಳ್ತೆ."

"ನಾನೆಂತಕ್ಕೆ ಮಾರಾಯ್ತಿ?"

"ಚೀಲ ಹಿಡೀಲಿಕ್ಕೆ ಯಾರಾದ್ರೂ ಬೇಕಲೆ?"

ಯಾವ ಚೀಲ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಅವಳಿಗೆ ಸನ್ಮಾನ, ನನಗೆ ವಾಂತಿಯ ಚೀಲ! ಅದಕ್ಕಾಗಿ ನಾನು ರಜೆ ಬೇರೆ ಹಾಕಬೇಕು. ಹಾಕಿದೆ. ಅವಳೊಬ್ಬಳೇ ಹೋಗಿ ದಾರಿಯಲ್ಲಿ ತಲೆ ತಿರುಗಿ ಬಿದ್ದರೆ ಎಂಬ ಚಿಂತೆ ಬಿಡಬೇಕಲ್ಲ. ಮೂಗಿಗೆ ಲಿಂಬೆಹಣ್ಣು ಒತ್ತಿಕೊಂಡು ಕಣ್ಣು ಮುಚ್ಚಿ ಕೂತವಳು ಹಳದೀಪುರ ಬರುವ ತನಕ ತಡೆದಳು. ಆಮೇಲೆ ನನ್ನ ಕೆಲಸ ನಾನು ಮಾಡಿದೆ.

ಕುಮಟೆಯ ಸಭಾಂಗಣದಲ್ಲಿ ಮೂವತ್ತು ನಲವತ್ತು ಹೆಂಗಸರು. ಅವಳಿಗೆ ಹೂ ಕೊಟ್ಟರು. ನಾನು ಹಿಂದಿನ ಸಾಲಿನ ಮೂಲೆ ಹುಡುಕುತ್ತಿದ್ದಾಗ ಬಿಳಿಕೂದಲಿನ ಒಬ್ಬರು ನೇರ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

"ನೀವು ಅಕ್ಕ ಅಲ್ದಾ?"

"ಯಾವ ಅಕ್ಕ?"

"ಅದೇ, ಬ್ಲಾಗಿನ ಅಕ್ಕ! ಏ ಇಲ್ಲಿ ಬನ್ರೆ, ಅಕ್ಕ ಬಂದಾರೆ!"

ಜೇನು ಮುತ್ತಿದ ಹಾಗೆ ಮುತ್ತಿಕೊಂಡರು. "ಇವತ್ತು ಗ್ಯಾಸ್ ಆಫ್ ಮಾಡಿ ಬಂದ್ರಾ?" ಎಂದರು ಒಬ್ಬರು. "ರೇಷನ್ ಕಾರ್ಡು ಚೀಲದಲ್ಲಿ ಉಂಟಾ? ಒಮ್ಮೆ ತೋರ್ಸಿ" ಎಂದರು ಇನ್ನೊಬ್ಬರು. ಮತ್ತೊಬ್ಬರು ಬಹಳ ಕಾಳಜಿಯಿಂದ, "ಆ ಏಡಿ ಈಗಲೂ ಇಟ್ಟಿದ್ದೀರಾ?" ಎಂದರು. ನನ್ನ ಕಿವಿಯಲ್ಲಿ ಹೊಗೆ! ವರ್ಷಗಟ್ಟಲೆ ಸಂಜೆ ಚಹಾದ ಜೊತೆ ನಾನು ಹೇಳಿದ್ದನ್ನೆಲ್ಲ ಈ ಕಳ್ಳಿ ಊರಿಗೆ ಹಂಚಿದ್ದಾಳೆ! ಅಂದರೆ ನಾನು ಹೊಟ್ಟೆಕಿಚ್ಚುಪಟ್ಟ ಆ ಅಂಕಿಯೆಲ್ಲ ನನ್ನನ್ನು ನೋಡಿ ನಗಲು ಬಂದವರದ್ದೇ? ವೇದಿಕೆಯತ್ತ ನೋಡಿದೆ. ಅವಳು ತಲೆ ತಗ್ಗಿಸಿ ದೋಣಿ ಮಡಚುವುದನ್ನು ಕಲಿಸುತ್ತಿದ್ದಳು. ಕಿವಿ ಮಾತ್ರ ಕೆಂಪಗಾಗಿತ್ತು.

ಬಿಳಿಕೂದಲಿನವರು ನನ್ನ ಕೈ ಬಿಟ್ಟಿರಲಿಲ್ಲ. "ಎಲ್ಲದಕ್ಕೂ ನಗೆ ಬಂತು, ಆದ್ರೆ ಗುಡ್ಡ ಕುಸಿದ ದಿನದ್ದು ಓದಿ ಅತ್ತುಬಿಟ್ಟೆ ಕಾಣಿ" ಎಂದರು. ಓದಿಲ್ಲ ಎಂದು ಹೇಳಲು ನನಗೆ ನಾಚಿಕೆಯಾಯಿತು.

ವಾಪಸು ಬರುವಾಗ ಅವಳು ಗುಳಿಗೆ ನುಂಗಿ, ಬಸ್ಸು ಹೊರಡುವ ಮೊದಲೇ ನನ್ನ ಭುಜದ ಮೇಲೆ ಮಲಗಿಬಿಟ್ಟಳು. ಬೈಯಬೇಕೆಂದು ಜೋಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಹಾಗೇ ಉಳಿದವು. ಫೋನು ತೆಗೆದೆ. ಮೊದಲ ಸಲ ಪುಟವನ್ನು ತುದಿಯ ತನಕ ತಳ್ಳದೆ ಮೇಲಿನಿಂದ ಓದುತ್ತ ಹೋದೆ. ಸಿಕ್ಕಿತು.

"ಮಾವ ಕಡಲಿಗೆ ಹೋದ ದಿನಗಳಲ್ಲಿ ಅತ್ತೆ ಜಗಲಿಯಲ್ಲಿ ಕೂತು ಬಲೆಯ ಹರಿದ ಕಣ್ಣು ಹೆಣೆಯುತ್ತಿದ್ದರಂತೆ. ದೋಣಿ ಕಂಡಾಗ ಆತು ಎಂದು ಎದ್ದರೆ ಆಮೇಲೇ ಚಹಾ. ನನಗೆ ಬಲೆ ಹೆಣೆಯಲು ಬರುವುದಿಲ್ಲ. ಅಕ್ಕನ ಬಸ್ಸು ಭಟ್ಕಳ ಬಿಡುವ ಹೊತ್ತಿಗೆ ನಾನು ಒಂದು ದೋಣಿ ಶುರು ಮಾಡುತ್ತೇನೆ. ನಿಧಾನಕ್ಕೆ ಮಡಚಿದರೆ ಅವಳು ಬರುವಷ್ಟರಲ್ಲಿ ಮುಗಿಯುತ್ತದೆ. ಗುಡ್ಡ ಕುಸಿದ ದಿನ ಒಂದು ಮುಗಿಯಿತು, ಅಕ್ಕ ಬರಲಿಲ್ಲ. ಇನ್ನೊಂದು ಮಾಡಿದೆ. ಮನೆಯಲ್ಲಿದ್ದ ಕಾಗದವೆಲ್ಲ ಮುಗಿದ ಮೇಲೆ ಮಗಳ ಬರೆಯುವ ಪಟ್ಟಿಯ ಹಾಳೆ ಹರಿದೆ. ಅಕ್ಕ ಬಂದು ಎಂತ ಕಸ ಇದು ಎಂದು ಬೈದಳು. ಅಷ್ಟು ಚಂದದ ಬೈಗುಳ ನಾನು ಕೇಳಿದ್ದಿಲ್ಲ."

ಬಸ್ಸಿನ ಗಾಳಿಗೆ ಕಣ್ಣಲ್ಲಿ ನೀರು ಬರುವುದು ಸಾಮಾನ್ಯ. ಆದರೆ ಆ ದಿನ ಅವಳಿಗೆ ಗಾಳಿ ತಾಗೀತೆಂದು ಕಿಟಕಿಯನ್ನು ನಾನೇ ಮುಚ್ಚಿದ್ದೆ.

ಆಗ ಹೊಳೆಯಿತು: ಇವತ್ತಿನ ದೋಣಿ ಯಾರೂ ಮಾಡಿಲ್ಲ. ಮನೆಯಲ್ಲಿ ಮಡಚುವವಳು ಇಲ್ಲಿ ನನ್ನ ಭುಜದ ಮೇಲೆ ಬಾಯಿ ತೆರೆದು ಮಲಗಿದ್ದಾಳೆ. ಕೈಯಲ್ಲಿದ್ದದ್ದು ಹೆಂಗಸರಿಗೆ ಕೊಡುವ ಸೊನ್ನೆ ರೂಪಾಯಿಯ ಟಿಕೆಟು. ಅದನ್ನೇ ತೊಡೆಯ ಮೇಲಿಟ್ಟು ಮಡಚಿದೆ. ಬಿಡಿಸಿ ಮತ್ತೆ ಮಡಚಿದೆ. ಹೊನ್ನಾವರ ಬಂದಾಗ ಅವಳು ಎಚ್ಚರಾಗಿ ನನ್ನ ಅಂಗೈಯನ್ನೇ ನೋಡಿದಳು.

"ಏಡಿಯನೆ ಅಕ್ಕಾ?"

"ದೋಣಿ" ಎಂದೆ.

ಅವಳು ಅದನ್ನು ತೆಗೆದು ಲಿಂಬೆಹಣ್ಣಿನ ಜೊತೆ ಪರ್ಸಿನಲ್ಲಿಟ್ಟುಕೊಂಡಳು.

ಮಾರನೇ ಸಂಜೆ ಭಟ್ಕಳದಿಂದ ಬಂದೆ. ಸೊಟ್ಟ ದೋಣಿಯೊಂದು ಜಗ್ಗಿದ ದಾರದ ತುದಿಗೆ ಸೇರಿತ್ತು. ಎಲ್ಲಕ್ಕಿಂತ ಮೊದಲು ಹಣೆಗೆ ತಾಗಿದ್ದು ಅದೇ. ನಾನು ಬಗ್ಗಲಿಲ್ಲ. ಜಗಲಿಯಲ್ಲಿ ಅವಳು ತಲೆ ಎತ್ತದೆ ಕೊನೆಯ ಮಡಿಕೆ ಒತ್ತಿ, "ಆತು" ಎಂದಳು.

"ಹೂಂ, ಬಂದೆ" ಎಂದೆ. ಇಷ್ಟು ವರ್ಷಗಳಲ್ಲಿ ಆ ಮಾತಿಗೆ ನಾನು ಉತ್ತರ ಕೊಟ್ಟದ್ದು ಅದೇ ಮೊದಲು.