ಸುಂಕವಿಲ್ಲದ ಮ್ಯಾಗ್ನೆಟೋ

ಓಡುವ ಗಾಡಿಯಲ್ಲಿ ಕೂತವನು ಒಂದು ಊರಿಗೆ ಹೋಗುತ್ತಾನೆ. ಓಡದ ಗಾಡಿಯಲ್ಲಿ ಕೂತವನು ಬೇಕಾದ ಊರಿಗೆಲ್ಲ ಹೋಗಿಬರುತ್ತಾನೆ. ಇದು ನನ್ನ ಅನುಭವದ ಮಾತು. ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ ನಾನು ಮಂಡ್ಯದ ಗುತ್ತಲಿನಲ್ಲಿ ಮನೆ ಮಾಡಿಕೊಂಡು ನಾಲೆಯ ಇಲಾಖೆಯಲ್ಲಿ ನಕ್ಷೆ ಬರೆಯುತ್ತಿದ್ದೆ. ನಾಲೆಯ ಕೆಲಸಕ್ಕೆಂದು ಬಂದಿದ್ದ ಇಂಗ್ಲಿಷ್ ದೊರೆಯೊಬ್ಬ ತನ್ನ ಸೀಮೆಗೆ ವಾಪಸು ಹೊರಟಾಗ ತನ್ನ ಮೋಟಾರ್ ಸೈಕಲ್ಲನ್ನು ನನ್ನ ತಲೆಗೆ ಕಟ್ಟಿ ಹೋದ. ಅದು ಮೊದಲನೆಯ ಮಹಾಯುದ್ಧಕ್ಕಿಂತಲೂ ಹಳೆಯದು. ಪಕ್ಕದಲ್ಲಿ ಒಬ್ಬರು ಕಾಲು ನೀಡಿ ಕೂರುವಂಥ ತೊಟ್ಟಿ ಬೇರೆ. ಹಿತ್ತಾಳೆ ದೀಪ, ಉದ್ದನೆಯ ಹಿಡಿ, ನೋಡುವುದಕ್ಕೆ ಬಲು ಲಕ್ಷಣ. ಓಡುತ್ತಿರಲಿಲ್ಲ, ಅಷ್ಟೆ.

ಸಂಜೆ ಕಚೇರಿಯಿಂದ ಬಂದವನೇ ಹಿತ್ತಲಿಗೆ ಹೋಗಿ ಅದರ ಮೇಲೆ ಕೂರುತ್ತಿದ್ದೆ. ಕೂತರೆ ಸಾಕು, ಹೊರಟೇಬಿಡುತ್ತಿತ್ತು. ಹನಕೆರೆ ಸ್ಟೇಷನ್ನಿನ ಹತ್ತಿರ ರೈಲು ನನ್ನ ಸಮಕ್ಕೆ ಓಡಿ ಓಡಿ ಸುಸ್ತಾಗಿ ನಿಲ್ಲುತ್ತಿತ್ತು. ಆಲೆಮನೆಗಳಿಂದ ಬೆಲ್ಲದ ಪಾಕದ ವಾಸನೆ ಬಂದು ಮುಖಕ್ಕೆ ಹತ್ತುತ್ತಿತ್ತು. ಮದ್ದೂರು ದಾಟಿ ಮಳವಳ್ಳಿ ರಸ್ತೆಗೆ ತಿರುಗಿಕೊಂಡರೆ ದಾರಿಯುದ್ದಕ್ಕೂ ಮರಗಳ ನೆರಳು, ತೊಟ್ಟಿಯಲ್ಲಿ ನನ್ನ ಹೆಂಡತಿ ತಾಯಮ್ಮ, ಅವಳ ಸೆರಗು ಗಾಳಿಗೆ ಹಾರಿ ನನ್ನ ಕೈಮೇಲೆ. ಅಷ್ಟರಲ್ಲಿ ಅಡಿಗೆಮನೆಯಿಂದ, "ಸೊಪ್ಪು ತಂದ್ಕೊಡ್ತೀರೋ, ಇಲ್ಲ ಇನ್ನೂ ದೂರ ಓಗೋದದೋ?" ಎಂದು ತಾಯಮ್ಮ ಕೂಗುತ್ತಿದ್ದಳು. ನಾನು ನಾಚಿಕೊಂಡು ಇಳಿಯುತ್ತಿದ್ದೆ. ಆದರೆ ಒಂದು ಮಧ್ಯಾಹ್ನ ಬೇಗ ಮನೆಗೆ ಬಂದಾಗ ನೋಡುತ್ತೇನೆ, ತಾಯಮ್ಮನೇ ತೊಟ್ಟಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದಾಳೆ! "ಎಲ್ಲಿಗೆ ಬಂತು ಸವಾರಿ?" ಎಂದೆ. "ನಮ್ಮೂರ ಕೆರೆ ಏರಿ ಮ್ಯಾಲೆ. ಸುಮ್ಕಿರಿ, ಎಲ್ಲಾರೂ ನೋಡ್ತಾವ್ರೆ" ಎಂದಳು, ಕಣ್ಣು ತೆರೆಯದೆ. ಅವಳ ತವರು ಮಳವಳ್ಳಿ. ಈ ಸಲ ಗೌರಿಹಬ್ಬಕ್ಕೆ ಮೋಟಾರ್ ಗಾಡಿಯಲ್ಲೇ ಬರುತ್ತೇನೆಂದು ಆಗಲೇ ಅಲ್ಲಿಗೆ ಹೇಳಿಕಳಿಸಿಬಿಟ್ಟಿದ್ದಳು. ಕನಸು ನನ್ನೊಬ್ಬನದಾಗಿದ್ದಷ್ಟು ದಿನ ಅದಕ್ಕೆ ವಾಯಿದೆ ಇರಲಿಲ್ಲ.

ಪೇಟೆಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಖಾದರ್ ಸಾಬರನ್ನು ಕರೆತಂದೆ. ಅವರು ಗಾಡಿಯನ್ನು ಸುತ್ತುಹಾಕಿ, "ಎಲ್ಲಾ ಸರಿಯಾಗದೆ ಸ್ವಾಮಿ. ಕಿಡಿ ಒಡೆಯೋ ಮ್ಯಾಗ್ನೆಟೋ ಸತ್ತೋಗದೆ. ಇದು ಈ ದೇಶದಾಗೆ ಸಿಗಾಕಿಲ್ಲ" ಎಂದರು. ಸರಿ, ಹಳೆಯ ಗಾಡಿಗಳ ಸಾಮಾನು ಮಾರುವ ಸೀಮೆಯ ಅಂಗಡಿಯೊಂದಕ್ಕೆ ಹಣ ಕಳಿಸಿದೆ. ಆ ಪುಣ್ಯಾತ್ಮ ಪಾರ್ಸಲಿನ ಮೇಲೆ 'ಬಲು ಅಪರೂಪದ ವಸ್ತು' ಎಂದು ಅಭಿಮಾನದಿಂದ ಬರೆದು ಹಡಗಿಗೆ ಹಾಕಿದ. ಅಪರೂಪವೆಂದ ಮೇಲೆ ಬಂದರಿನ ಸುಂಕದವರು ಬಿಟ್ಟಾರೆಯೇ? ಮೋಟಾರಿನ ಸಾಮಾನು, ಶೋಕಿಯ ಪದಾರ್ಥ ಎಂದು ಕೊಂಡ ಬೆಲೆಯ ಮೂರರಲ್ಲೊಂದು ಪಾಲು ಸುಂಕ ಕೇಳಿದರು. ಕೈಯಲ್ಲಿ ದುಡ್ಡಿರಲಿಲ್ಲವೆಂದಲ್ಲ. "ಕಟ್ಬುಡಿ ಅತ್ಲಾಗೆ" ಎಂದು ತಾಯಮ್ಮನೂ ಹೇಳಿದಳು. ಆದರೆ ಒಮ್ಮೆ ಬೆಲೆ ಕೊಟ್ಟು ಕೊಂಡದ್ದಕ್ಕೆ ಮತ್ತೆ ಬೆಲೆ ತೆರುವುದಕ್ಕೆ ನನಗೆ ಮನಸ್ಸು ಬರಲಿಲ್ಲ.

ಆ ಹೊತ್ತಿಗೆ ಸರಿಯಾಗಿ ಮಾವ ಪುಟ್ಟಸ್ವಾಮಿಗೌಡರು ಮಳವಳ್ಳಿಯಿಂದ ಬಂದರು. ಟವಲಿನ ಕೆಳಗೆ ಬೆರಳು ಹಿಡಿದು ಎತ್ತಿನ ವ್ಯಾಪಾರ ಮಾಡುವುದರಲ್ಲಿ ಅವರನ್ನು ಮೀರಿಸುವವರು ಸುತ್ತಿನಲ್ಲಿ ಇರಲಿಲ್ಲ. ಒಳ್ಳೇ ಜೋಡಿಯನ್ನು ಅವರು ಜರಿದರೆಂದರೆ, ಅದರ ಯಜಮಾನನಿಗೇ ತನ್ನ ಎತ್ತಿನ ಮೇಲೆ ಬೇಜಾರು ಬಂದುಬಿಡುತ್ತಿತ್ತು. ಸುಂಕದ ಸಂಗತಿ ಕೇಳಿ ನಕ್ಕರು.

"ಅಲ್ಲ ಅಳಿಮಯ್ಯ, ಓದ್ದೋರು ನೀವು. ಎತ್ತು ಕೊಳ್ಳೋಕೋದಾಗ ಸೆಂದಾಗದೆ ಅಂತೀವಾ? ಕೊಂಬು ಓರೆ, ಕಾಲು ಕುಂಟು ಅಂತ ಜರೀಬೇಕು. ಬರೀರಿ: ಇದು ತುಕ್ಕಿಡ್ದಿರೋ ಕಬ್ಬಿಣ. ಯಾತಕ್ಕೂ ಬರಾಕಿಲ್ಲ. ಬರೀ ಗುಜರಿ. ಅವ್ರೇ ದಾರಿಗ್ಬತ್ತಾರೆ."

"ಸರ್ಕಾರದ ಹತ್ತಿರ ಚೌಕಾಸಿಯೇ ಮಾವ?" ಎಂದೆ.

"ಸರ್ಕಾರ ಅಂದ್ರೇನು, ಅವ್ರೂ ಯಾಪಾರಸ್ತರೇ ಕಣಪ್ಪ!"

ಬರೆದೆ. ಬರೆಯುತ್ತಾ ಬರೆಯುತ್ತಾ ನನಗೇ ಹುರುಪು ಬಂತು ನೋಡಿ! ಹಳೆಯದು, ಹಾಳಾದದ್ದು, ಕಾಸಿಗೂ ಬಾರದ್ದು, ಎತ್ತಿ ಎಸೆದರೆ ಎತ್ತಿಕೊಳ್ಳುವವರಿಲ್ಲ ಎಂದು ಒಳ್ಳೆಯ ಇಂಗ್ಲಿಷಿನಲ್ಲಿ ಪುಟ ತುಂಬಿಸಿದೆ. ಬರೆದು ಕಳಿಸಿದ ಸಂಜೆ ಗಾಡಿಯ ಮೇಲೆ ಕೂತರೆ ಯಾಕೋ ಅದು ಎಂದಿನಂತೆ ಹೊರಡಲಿಲ್ಲ. ಹಿತ್ತಲಿನ ನುಗ್ಗೆಮರ ನುಗ್ಗೆಮರವಾಗಿಯೇ ನಿಂತಿತ್ತು.

ಹಬ್ಬ ಹತ್ತಿರ ಬಂದಾಗ ಮಗಳನ್ನು ಕರೆದೊಯ್ಯಲು ಮಾವನವರು ಮತ್ತೆ ಬಂದರು. ಅಂದೇ ಪಾರ್ಸಲೂ ಬಂತು. ಟಪಾಲಿನವನು ಸುಂಕದ ಮಾತೇ ಎತ್ತದೆ ಅದನ್ನು ಜಗಲಿಯ ಮೇಲಿಟ್ಟು ಹೋದ. ಮಾವನವರು ಮೀಸೆಯ ಮೇಲೆ ಕೈಯಾಡಿಸಿದರು. ಖಾದರ್ ಸಾಬರು ಸ್ಪಾನರ್ ಹಿಡಿದು ಕಾದಿದ್ದರು. ತಾಯಮ್ಮ ಹೊಸ ಸೀರೆಯುಟ್ಟು, ತೊಟ್ಟಿಗೆಂದು ತಾನೇ ಹೊಲಿದ ಮೆತ್ತೆಯನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದಳು. ದಾರ ಕತ್ತರಿಸಿ ಬಿಚ್ಚಿದೆ. ಒಳಗೆ ಮ್ಯಾಗ್ನೆಟೋ ಇತ್ತು, ಎರಡು ಹೋಳಾಗಿ. ಗರಗಸದಲ್ಲಿ ನೀಟಾಗಿ ಕೊಯ್ದಿದ್ದರು. ಜೊತೆಗೊಂದು ಚೀಟಿ: ತಮ್ಮ ಅರ್ಜಿಯಂತೆ ಸದರಿ ಸಾಮಾನು ಗುಜರಿಯೆಂದು ಒಪ್ಪಲಾಗಿದೆ, ಗುಜರಿಯನ್ನು ಮರಳಿ ಬಳಸಲಾಗದಂತೆ ಕತ್ತರಿಸಿ ಕಳಿಸುವುದು ನಿಯಮ, ಸುಂಕವಿಲ್ಲ.

ಖಾದರ್ ಸಾಬರು ಎರಡು ಹೋಳನ್ನೂ ಒಂದಕ್ಕೊಂದು ಆನಿಸಿ ನೋಡಿ, "ಯಾ ಅಲ್ಲಾ" ಎಂದು ಕೆಳಗಿಟ್ಟರು. ಮಾವನವರು ಮಾತ್ರ, "ಏನಾರ ಆಗ್ಲಿ, ಒಂದು ಕಾಸೂ ಬಿಚ್ಚದಂಗೆ ಬುಡಿಸ್ಕೊಂಡ್ವೋ ಇಲ್ವೋ?" ಎಂದರು.

ತಾಯಮ್ಮ ಕೂಗಾಡಲಿಲ್ಲ. ಮೆತ್ತೆಯನ್ನು ಜಗಲಿಯ ಮೇಲಿಟ್ಟು ನನ್ನನ್ನೇ ನೋಡಿದಳು. "ಗುಜರಿ, ಗುಜರಿ ಅಂತ ಪುಟಗಟ್ಲೆ ಬರ್ದ್ರಲ್ಲ, ಅದು ನಾನು ಕುಂತ್ಕೊಂಡು ತವರಿಗೋಗ್ಬೇಕಾಗಿದ್ದ ಗಾಡೀದು. ಅವ್ರು ಕೇಳಿದ್ದು ಕೊಟ್ಟು ಕರ್ಕೊಂಡೋಗೋಷ್ಟು ಬೆಲೆ ಇರ್ನಿಲ್ವಾ ನಂಗೆ?" ಎಂದಳು. ನಾನು ಎರಡು ಹೋಳನ್ನೂ ಬಂದ ಕಾಗದದಲ್ಲೇ ಮತ್ತೆ ಸುತ್ತಿಟ್ಟೆ. ಪಾಪ, ಅವಳ ಕಣ್ಣಿನಲ್ಲಿ ನೀರಿತ್ತು.

ಮಳವಳ್ಳಿಗೆ ಬಸ್ಸಿನಲ್ಲೇ ಹೊರಟೆವು. ತಾಯಮ್ಮನ ಬಾಗಿನದ ಬುಟ್ಟಿ ನೋಡಿ ಕಂಡಕ್ಟರು, "ಇದಕ್ಕೆ ಲಗೇಜು ಚಾರ್ಜು ಆಯ್ತದೆ" ಎಂದ. ಸಣ್ಣ ಬುಟ್ಟಿಗೆ ಅವನು ಕೇಳಿದ್ದು ಅನ್ಯಾಯದ ಚಾರ್ಜು. ಮಾವನವರು ಎದ್ದು ನಿಂತು, "ಲೇ, ಆ ಬುಟ್ಟೀಲೇನ್ಲಾ ಅದೆ, ಬರೀ..." ಎಂದು ಜರಿಯುವುದಕ್ಕೆ ಬಾಯಿ ತೆರೆದರು. ತಾಯಮ್ಮ ಕಿಟಕಿಯ ಕಡೆಯಿಂದ ತಿರುಗಿ ನನ್ನ ಮುಖ ನೋಡಿದಳು. ನಾನು ಜೇಬಿಗೆ ಕೈಹಾಕಿ, ಕಂಡಕ್ಟರು ಕೇಳಿದಷ್ಟನ್ನೂ ತುಟಿಪಿಟಿಕ್ಕೆನ್ನದೆ ಕೊಟ್ಟುಬಿಟ್ಟೆ. ತಾಯಮ್ಮ ಸ್ವಲ್ಪ ಸರಿದು ಪಕ್ಕದಲ್ಲಿ ನನಗೆ ಜಾಗ ಮಾಡಿದಳು. ಹಬ್ಬ ಮುಗಿದು ನಾವು ಮಂಡ್ಯಕ್ಕೆ ವಾಪಸಾಗುವವರೆಗೂ ಮಾವನವರು ನನ್ನೊಂದಿಗೆ ಮಾತಾಡಲಿಲ್ಲ.